ನೀಸ್‌ನಲ್ಲೊಂದು ಕೋಣೆ, ಉಳಿದದ್ದೆಲ್ಲ ರೈಲು: ಮುಂಬೈ-ಪುಣೆಯಿಂದ ಫ್ರೆಂಚ್ ರಿವಿಯೇರಾಕ್ಕೆ

ಫ್ರೆಂಚ್ ರಿವಿಯೇರಾ, ಅಂದರೆ ನೀಸ್ ಊರಿನ ಆಚೀಚೆ ಹಬ್ಬಿದ ಫ್ರಾನ್ಸ್‌ನ ದಕ್ಷಿಣ ಕರಾವಳಿ, ನೋಡಬೇಕು ಎಂದರೆ ಟೂರ್ ಏಜೆಂಟರು ಸಾಮಾನ್ಯವಾಗಿ ಮುಂದಿಡುವ ಪಟ್ಟಿ ಹೀಗಿರುತ್ತದೆ: ಪ್ಯಾರಿಸ್ ಮೂರು ರಾತ್ರಿ, ಸ್ವಿಟ್ಜರ್ಲೆಂಡ್ ಮೂರು ರಾತ್ರಿ, ನಡುವೆ ಎಲ್ಲೋ ನೀಸ್‌ನಲ್ಲಿ ಒಂದು ರಾತ್ರಿ. ಆ ಒಂದು ರಾತ್ರಿಗೆ ನೀಸ್‌ವರೆಗೆ ಹೋಗದಿರುವುದೇ ಲೇಸು. ಈ ಕರಾವಳಿ ಚಿಕ್ಕದು. ಕಾನ್‌ನಿಂದ ಇಟಲಿ ಗಡಿಯ ಮಾಂತೋನ್‌ವರೆಗೆ ಒಂದೇ ರೈಲು ದಾರಿ, ಬಹುಪಾಲು ಸಮುದ್ರದ ಅಂಚಿನಲ್ಲೇ ಓಡುತ್ತದೆ. ಹಾಗಾಗಿ ಒಂದೇ ಊರಲ್ಲಿ ಆರೇಳು ರಾತ್ರಿ ಕೋಣೆ ಹಿಡಿದು, ಬೆಳಿಗ್ಗೆ ಹೆಗಲಚೀಲದೊಂದಿಗೆ ಹೊರಟು ರಾತ್ರಿಗೆ ಮರಳಿದರಾಯಿತು. ಡೊಂಬಿವಲಿ-ವಿಟಿ ಲೋಕಲ್‌ನಲ್ಲಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲು ತಾರೀಖು, ಆಮೇಲೆ ಟಿಕೆಟ್

ಮಕ್ಕಳ ಶಾಲೆಗೆ ರಜೆ ಸಿಗುವುದು ಏಪ್ರಿಲ್-ಮೇನಲ್ಲಿ, ಮತ್ತೆ ದೀಪಾವಳಿಗೆ. ಎರಡೂ ಅಲ್ಲಿಗೆ ಅಷ್ಟು ಹೊಂದುವುದಿಲ್ಲ. ಮೇ ತಿಂಗಳಲ್ಲಿ ಬಿಸಿಲು ಚೆನ್ನಾಗಿರುತ್ತದೆ, ಆದರೆ ನೀರು 17-18 ಡಿಗ್ರಿಯಷ್ಟೇ. ಜುಹುವಿನಲ್ಲೋ ಕಲಂಗುಟ್‌ನಲ್ಲೋ 28 ಡಿಗ್ರಿಯ ನೀರಿಗೆ ಇಳಿದು ಅಭ್ಯಾಸವಾದವರು ಮೊಣಕಾಲು ಮುಳುಗುವಷ್ಟರಲ್ಲೇ ಹಿಂದೆ ಬರುತ್ತಾರೆ. ಮೇಲಾಗಿ ಮೇ ಮಧ್ಯದಲ್ಲಿ ಕಾನ್ ಚಿತ್ರೋತ್ಸವ. ಮೊನಾಕೊ ಕಾರ್ ರೇಸ್ ಮೊದಲೆಲ್ಲ ಮೇ ಕೊನೆಗೆ ಬರುತ್ತಿತ್ತು, 2026ರಿಂದ ಜೂನ್ ಮೊದಲ ವಾರಕ್ಕೆ ಸರಿದಿದೆ. ಈ ದಿನಗಳಲ್ಲಿ ಇಡೀ ಕರಾವಳಿಯ ಕೋಣೆ ಬಾಡಿಗೆ ವಿಪರೀತ ಏರುತ್ತದೆ. ಟಿಕೆಟ್ ಅಗ್ಗಕ್ಕೆ ಸಿಕ್ಕಿತೆಂದು ಆ ವಾರವೇ ಹೊರಟರೆ ಉಳಿಸಿದ ದುಡ್ಡಿಗಿಂತ ಹೆಚ್ಚು ಹೋಟೆಲಿಗೆ ತೆರಬೇಕಾಗುತ್ತದೆ.

ದೀಪಾವಳಿಯ ತೊಂದರೆ ಬೇರೆ. ಬೇಸಿಗೆಯುದ್ದಕ್ಕೂ ಕಾದ ಸಮುದ್ರದ ಮೇಲಿನ ತೇವದ ಗಾಳಿ ಅಕ್ಟೋಬರ್-ನವೆಂಬರ್‌ನಲ್ಲಿ ಹಿಂದಿನ ಬೆಟ್ಟಗಳಿಗೆ ಬಡಿದು ಒಮ್ಮೆಲೇ ಸುರಿಯುತ್ತದೆ. 2020ರ ಅಕ್ಟೋಬರ್ 2ರ ‘ಅಲೆಕ್ಸ್’ ಬಿರುಗಾಳಿ ನೀಸ್‌ನ ಮೇಲ್ಗಡೆಯ ಕಣಿವೆಗಳಲ್ಲಿ ರಸ್ತೆ, ಸೇತುವೆ, ಮನೆಗಳನ್ನೇ ಕೊಚ್ಚಿಕೊಂಡು ಹೋಗಿತ್ತು. ದಿನವೂ ಮಳೆಯೇನಿಲ್ಲ, ಆದರೆ ಬಂದ ದಿನ ರೈಲೂ ನಿಲ್ಲಬಹುದು. ಆಗಸ್ಟ್ ಅಂತೂ ಬೇಡ. ಅರ್ಧ ಫ್ರಾನ್ಸ್ ಅಲ್ಲೇ ಬಂದು ಮಲಗಿರುತ್ತದೆ.

ಉಳಿಯುವುದು ಎರಡು ಹೊತ್ತು. ಜೂನ್ ನಡುಭಾಗ, ಆಗ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಇಲ್ಲವೆ ಇಲ್ಲಿ ಗಣಪತಿ ಬಿಟ್ಟ ಮೇಲೆ, ನವರಾತ್ರಿಗೆ ಮೊದಲು. ಸಮುದ್ರ ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಸೆಪ್ಟೆಂಬರ್ ಕೊನೆಯಲ್ಲೂ ನೀರು 22ರ ಆಸುಪಾಸಿನಲ್ಲಿರುತ್ತದೆ, ಜನ ಮಾತ್ರ ಕರಗಿರುತ್ತಾರೆ. ಪಿತೃಪಕ್ಷದಲ್ಲಿ ಪ್ರಯಾಣ ಬೇಡ ಎನ್ನುವ ಹಿರಿಯರು ಮನೆಯಲ್ಲಿದ್ದರೆ ಅದನ್ನು ನೀವೇ ಬಗೆಹರಿಸಿಕೊಳ್ಳಬೇಕು.

ವೀಸಾ: ಕಾಗದಗಳು ಒಂದಕ್ಕೊಂದು ಒಪ್ಪಬೇಕು

ಫ್ರಾನ್ಸ್, ಇಟಲಿ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ. ಆ ಗಡುವನ್ನು ನಂಬಬೇಡಿ: ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಹಿಡಿಯುತ್ತದೆ, ಅಷ್ಟು ದಿನವೂ ಪಾಸ್‌ಪೋರ್ಟ್ ನಿಮ್ಮ ಕೈಯಲ್ಲಿರುವುದಿಲ್ಲ. ಏಪ್ರಿಲ್-ಮೇನಲ್ಲಿ ಮುಂಬೈಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಸೆಪ್ಟೆಂಬರ್ ಪ್ರಯಾಣಕ್ಕೆ ಜೂನ್‌ನಲ್ಲಿ ಅರ್ಜಿ ಕೊಟ್ಟರೆ ಸರಾಗ.

ಯಾವ ದೇಶದಲ್ಲಿ ಹೆಚ್ಚು ರಾತ್ರಿ ತಂಗುತ್ತೀರೋ ಆ ದೇಶಕ್ಕೇ ಅರ್ಜಿ. ರಾತ್ರಿಗಳು ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ನೀಸ್ ಪಕ್ಕದ ಪುಟ್ಟ ದೇಶ ಮೊನಾಕೊಗೆ ಬೇರೆ ವೀಸಾ ಬೇಡ. ಫ್ರಾನ್ಸ್-ವೀಸಾಸ್ ಪೋರ್ಟಲ್‌ನಲ್ಲಿ ಫಾರ್ಮ್ ತುಂಬಿ ಪ್ರಿಂಟ್ ತೆಗೆದು, ಅರ್ಜಿ ಸ್ವೀಕರಿಸುವ ವಿಎಫ್‌ಎಸ್ ಕೇಂದ್ರದಲ್ಲಿ ಸಮಯ ಹಿಡಿದು, ಖುದ್ದಾಗಿ ಹೋಗಿ ಬೆರಳಚ್ಚು ಕೊಡಬೇಕು. 12 ತುಂಬದ ಮಕ್ಕಳಿಗೆ ಬೆರಳಚ್ಚು ಇಲ್ಲ. ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 12ರೊಳಗಿನವರಿಗೆ 45, ಆರಕ್ಕಿಂತ ಚಿಕ್ಕವರಿಗೆ ಇಲ್ಲ. ಕೇಂದ್ರದ ಸೇವಾಶುಲ್ಕ ಬೇರೆ. ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಷೆಂಗನ್ ಬಿಟ್ಟ ದಿನದಿಂದ ಮೂರು ತಿಂಗಳಾದರೂ ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು.

ಅರ್ಜಿಗಳು ಮುಗ್ಗರಿಸುವುದು ಇಂಥ ಕಡೆ. ವಿಮೆ ಕನಿಷ್ಠ 30,000 ಯೂರೊದ್ದು ಬೇಕೆಂಬುದು ಎಲ್ಲರಿಗೂ ಗೊತ್ತು, ಆದರೆ ತಾರೀಖು ತಪ್ಪುತ್ತದೆ. ವಿಮಾನ ಅಲ್ಲಿಂದ ಹೊರಡುವ ದಿನವೂ ವಿಮೆಯೊಳಗೆ ಬರಬೇಕು. ಹೋಟೆಲ್ ಬುಕಿಂಗ್‌ನಲ್ಲಿ ಮನೆಯ ಯಜಮಾನನ ಹೆಸರೊಂದೇ ಇದ್ದರೆ ಉಳಿದವರು ಎಲ್ಲಿ ತಂಗುತ್ತಾರೆ ಎಂಬ ಪ್ರಶ್ನೆ ಏಳುತ್ತದೆ. ಎಲ್ಲರ ಹೆಸರೂ ಹಾಕಿಸಿ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯುವ ಹಿಂದಿನ ವಾರ ಭಾವನಿಂದ ಮೂರು ಲಕ್ಷ ಹಾಕಿಸಿಕೊಂಡರೆ ಅದು ಎದ್ದು ಕಾಣುತ್ತದೆ. ಹೋಟೆಲ್, ಕ್ಯಾಂಟೀನ್ ನಡೆಸುವವರಿಗೆ ಸಂಬಳದ ಚೀಟಿ ಇರುವುದಿಲ್ಲ, ಅವರು ಗುಮಾಸ್ತಾ (ಅಂಗಡಿ ನೋಂದಣಿ) ಲೈಸನ್ಸ್, ಜಿಎಸ್‌ಟಿ ನೋಂದಣಿ, ಪಾಲುದಾರಿಕೆ ಪತ್ರ, ಆದಾಯ ತೆರಿಗೆ ರಿಟರ್ನ್ ಇಷ್ಟನ್ನೂ ಒಟ್ಟಿಗೆ ಇಡಬೇಕು. ಮರಾಠಿಯಲ್ಲೋ ಕನ್ನಡದಲ್ಲೋ ಇರುವ ಮದುವೆ, ಜನನ ಪ್ರಮಾಣಪತ್ರಗಳಿಗೆ ಇಂಗ್ಲಿಷ್ ಅನುವಾದ ಲಗತ್ತಿಸಿ. ನಮ್ಮವರಲ್ಲಿ ಹಲವರಿಗೆ ಪಾಸ್‌ಪೋರ್ಟ್‌ನ ಸರ್‌ನೇಮ್ ಜಾಗ ಖಾಲಿ, ಇನಿಷಿಯಲ್ ಮಾತ್ರ. ಟಿಕೆಟ್ ಕೊಳ್ಳುವ ಮೊದಲೇ ಆ ವಿಮಾನ ಕಂಪನಿ ಹೆಸರನ್ನು ಹೇಗೆ ಬರೆಸುತ್ತದೆ ಎಂದು ಕೇಳಿಕೊಳ್ಳಿ.

ವಿಮಾನ

ಮುಂಬೈಯಿಂದ ನೀಸ್‌ಗೆ ನೇರ ವಿಮಾನ ಇಲ್ಲ. ದುಬೈ, ಇಸ್ತಾಂಬುಲ್, ಪ್ಯಾರಿಸ್, ಫ್ರಾಂಕ್‌ಫರ್ಟ್ ಇವುಗಳಲ್ಲಿ ಒಂದು ಕಡೆ ಬದಲಿಸಬೇಕು. ದುಬೈ ಮೂಲಕ ಹೋದರೆ ಇಮಿಗ್ರೇಷನ್ ನೀಸ್‌ನಲ್ಲಿ; ಪ್ಯಾರಿಸ್, ಫ್ರಾಂಕ್‌ಫರ್ಟ್ ಮೂಲಕವಾದರೆ ಅಲ್ಲೇ. 2025ರ ಅಕ್ಟೋಬರ್ 12ರಿಂದ ಯೂರೋಪಿನ ಗಡಿಗಳಲ್ಲಿ ಬೆರಳಚ್ಚು ಮತ್ತು ಫೋಟೊ ದಾಖಲಿಸುವ ಹೊಸ ವ್ಯವಸ್ಥೆ ಹಂತಹಂತವಾಗಿ ಶುರುವಾಗಿದೆ. ಸರದಿ ಉದ್ದ. ಆದ್ದರಿಂದ ಯೂರೋಪಿನೊಳಗೆ ವಿಮಾನ ಬದಲಿಸುವವರು ನಡುವೆ ಮೂರು ಗಂಟೆ ಬಿಟ್ಟುಕೊಳ್ಳಿ. ಪುಣೆ, ಗೋವಾದವರು ಮುಂಬೈವರೆಗಿನ ವಿಮಾನವನ್ನು ಬೇರೆ ಟಿಕೆಟ್‌ನಲ್ಲಿ ಕೊಂಡರೆ ಅದು ತಡವಾದಾಗ ಮುಂದಿನ ಕಂಪನಿ ಹೊಣೆ ಹೊರುವುದಿಲ್ಲ. ಒಂದೇ ಪಿಎನ್‌ಆರ್ ಇರಲಿ, ಇಲ್ಲವೆ ಹಿಂದಿನ ದಿನವೇ ಮುಂಬೈಗೆ ಬಂದುಬಿಡಿ.

ಎಲ್ಲಿ ಇಳಿದುಕೊಳ್ಳುವುದು

ಒಂದೇ ಉತ್ತರ ಬೇಕಿದ್ದರೆ: ನೀಸ್‌ನಲ್ಲಿ, ನೀಸ್-ವಿಲ್ ಸ್ಟೇಷನ್ನಿಗೂ ಜ್ಯಾಂ ಮೆದ್ಸೇಂ ಬೀದಿಗೂ ನಡೆದು ಹೋಗುವಷ್ಟು ಹತ್ತಿರ. ವಿಮಾನ ನಿಲ್ದಾಣದಿಂದ ಟ್ರಾಮ್ 2 ಆ ಬೀದಿಯವರೆಗೆ ನೇರ ಬರುತ್ತದೆ. ಹಳೆಪೇಟೆ ಚಿತ್ರದಲ್ಲಿ ಚೆಂದ, ಆದರೆ ಲಿಫ್ಟ್ ಇಲ್ಲದ ನಾಲ್ಕನೇ ಮಹಡಿ, ರಾತ್ರಿ ಎರಡರವರೆಗೆ ಕೆಳಗೆ ಗದ್ದಲ. ಅಪ್ಪ-ಅಮ್ಮನನ್ನು ಕರೆದೊಯ್ಯುವವರು ‘ಆಸಾಂಸರ್’ ಅಂದರೆ ಲಿಫ್ಟ್, ‘ಕ್ಲಿಮಾತಿಝಾಸಿಯೋಂ’ ಅಂದರೆ ಏಸಿ, ಇವೆರಡೂ ಇವೆಯೇ ಎಂದು ಖಚಿತ ಮಾಡಿಕೊಂಡೇ ದುಡ್ಡು ಕಟ್ಟಿ. ಬುಕಿಂಗ್ ಮೊತ್ತದ ಮೇಲೆ ತಲೆಗೆ, ರಾತ್ರಿಗೆ ಇಷ್ಟೆಂದು ಊರ ತೆರಿಗೆಯನ್ನು ಹೋಟೆಲಿನಲ್ಲಿ ಬೇರೆಯಾಗಿ ಕೇಳುವುದುಂಟು, ಅದು ಮೋಸವಲ್ಲ.

ಸಣ್ಣ ಮಕ್ಕಳಿದ್ದರೆ ಮಾತ್ರ ನೀಸ್-ಕಾನ್ ನಡುವಿನ ಆಂತೀಬ್ ಮೇಲು. ನೀಸ್‌ನ ದಡದಲ್ಲಿ ಮರಳಿಲ್ಲ, ಬೂದು ಬಣ್ಣದ ನುಣುಪುಗಲ್ಲು. ಬರಿಗಾಲಲ್ಲಿ ನಡೆದರೆ ಪಾದ ನೋಯುತ್ತದೆ. ರಬ್ಬರ್ ಶೂ ಇಲ್ಲಿಂದಲೇ ಒಯ್ಯಿರಿ. ಅದಕ್ಕಿಂತ ಮುಖ್ಯ, ನೀರಿಗಿಳಿದ ಕೆಲವೇ ಹೆಜ್ಜೆಗೆ ಆಳ ಶುರುವಾಗುತ್ತದೆ, ಅಲೆ ಹಿಂದೆ ಸರಿಯುವಾಗ ಕಲ್ಲುಗಳು ಕಾಲಡಿಯಿಂದ ಜಾರುತ್ತವೆ. ಈಜು ಬಾರದವರು ಅಲ್ಲಿ ಸೊಂಟದವರೆಗೂ ಇಳಿಯಬಾರದು. ಆಂತೀಬ್‌ನಲ್ಲಿ ಮರಳಿದೆ, ತಗ್ಗೂ ನಿಧಾನ. ನೀಸ್‌ನಲ್ಲೇ ಉಳಿದವರು ರೈಲಲ್ಲಿ ಕೆಲವೇ ನಿಮಿಷದ ವಿಲ್‌ಫ್ರಾಂಶ್‌ಗೆ ಹೋಗಲಿ. ಸ್ಟೇಷನ್ನಿನ ಮೆಟ್ಟಿಲಿಳಿದರೆ ಬೀಚು.

ರೈಲು, ಬಸ್ಸು, ದಿನಗಳ ಜೋಡಣೆ

ಪ್ರಾದೇಶಿಕ ರೈಲಿಗೆ ‘ಟೆರ್’ ಎನ್ನುತ್ತಾರೆ. ಸೀಟು ಕಾಯ್ದಿರಿಸುವಂತಿಲ್ಲ, ಮುಂಗಡ ಕೊಂಡರೆ ಅಗ್ಗವೂ ಆಗುವುದಿಲ್ಲ. ಹಾಗಾಗಿ ಮುಂಬೈಯಲ್ಲೇ ಕೂತು ಪಾಸ್ ಕೊಳ್ಳುವ ಧಾವಂತ ಬೇಡ. ಆಪ್‌ನಲ್ಲಿ ಕೊಳ್ಳುವವರು ಕಾರ್ಡ್‌ನ ಅಂತಾರಾಷ್ಟ್ರೀಯ ಬಳಕೆಯನ್ನು ಇಲ್ಲೇ ಚಾಲೂ ಮಾಡಿಸಿ, ಓಟಿಪಿ ಬರಲು ಭಾರತದ ಸಿಮ್‌ಗೆ ರೋಮಿಂಗ್ ಹಾಕಿಸಿ. ಅಂಗಡಿಯ ಯಂತ್ರ ರೂಪಾಯಿಯೋ ಯೂರೊವೋ ಎಂದು ಕೇಳಿದರೆ ಯೂರೊ ಒತ್ತಿ. ರೂಪಾಯಿ ಒತ್ತಿದರೆ ಅವರ ಮನಸ್ಸಿಗೆ ಬಂದ ದರ ಬೀಳುತ್ತದೆ.

ಬಾಗಿಲು ತಾನಾಗಿ ತೆರೆಯುವುದಿಲ್ಲ, ಗುಂಡಿ ಒತ್ತಬೇಕು. ನೀಸ್‌ನಿಂದ ಮೊನಾಕೊ ಕಡೆ ಹೋಗುವಾಗ ಬಲಗಡೆ ಕೂತರೆ ಸಮುದ್ರ, ಕಾನ್ ಕಡೆಗಾದರೆ ಎಡಗಡೆ. ಮೊನಾಕೊಗೆ ಸುಮಾರು 25 ನಿಮಿಷ. ಅರಮನೆಯ ಕಾವಲು ಬದಲಾಗುವುದು 11:55ಕ್ಕೆ, ಅದಕ್ಕೆ ತಕ್ಕಂತೆ ಹೊರಡಿ. ಸಂಜೆ ಐದಾದ ಮೇಲೆ ಅಲ್ಲಿ ಕೆಲಸ ಮಾಡುವವರೆಲ್ಲ ನೀಸ್‌ಗೆ ಮರಳುತ್ತಾರೆ, ಡಬ್ಬಿ ತುಂಬುತ್ತದೆ, ಜೇಬುಗಳ್ಳರೂ ಅದೇ ಹೊತ್ತಿಗೆ ಹತ್ತುತ್ತಾರೆ. ಬ್ಯಾಗ್ ಎದೆಯ ಮೇಲಿರಲಿ. ಮಾಂತೋನ್ ದಾಟಿ ಇಟಲಿಯ ವೆಂತಿಮಿಲ್ಯಾದ ಶುಕ್ರವಾರದ ಸಂತೆಗೆ ಹೋಗುವ ಮನಸ್ಸಿದ್ದರೆ ಮೂಲ ಪಾಸ್‌ಪೋರ್ಟ್ ಜೊತೆಗಿಡಿ. ಮರಳುವಾಗ ಗಡಿಯಲ್ಲಿ ಪೊಲೀಸರು ರೈಲು ಹತ್ತಿ ತಪಾಸಣೆ ಮಾಡುತ್ತಾರೆ, ಫೋನ್‌ನಲ್ಲಿರುವ ಫೋಟೊ ಸಾಲದು.

ಎಜ್ ಹಳ್ಳಿ ಸಮುದ್ರದಿಂದ 400 ಮೀಟರಿಗೂ ಮೇಲೆ, ಬಂಡೆಯ ನೆತ್ತಿಯಲ್ಲಿದೆ. ಅದರ ರೈಲು ಸ್ಟೇಷನ್ ಮಾತ್ರ ಕೆಳಗೆ, ಸಮುದ್ರದ ಮಟ್ಟದಲ್ಲಿ. ಹೆಸರು ನೋಡಿ ರೈಲಿಳಿದವರು ಬಿಸಿಲಲ್ಲಿ ಒಂದೂವರೆ ಗಂಟೆ ಹತ್ತಬೇಕಾಗುತ್ತದೆ. ತಿರುವುಮುರುವು ಮಾಡಿ: ನೀಸ್‌ನಿಂದ 82ನೇ ನಂಬರ್ ಬಸ್ಸಿನಲ್ಲಿ ಮೇಲೆ ಹೋಗಿ, ತತ್ವಜ್ಞಾನಿ ನೀತ್ಷೆಯ ಹೆಸರಿನ ಕಾಲುದಾರಿಯಲ್ಲಿ ಇಳಿದು, ಕೆಳಗೆ ರೈಲು ಹಿಡಿಯಿರಿ. ಮಂಡಿ ನೋವಿದ್ದವರು ಬಸ್ಸಲ್ಲೇ ಮರಳುವುದು ಒಳ್ಳೆಯದು. ಮಳೆ ಬಿದ್ದ ಮರುದಿನ ಯಾರೂ ಇಳಿಯಬೇಡಿ.

ಮ್ಯೂಸಿಯಂಗಳ ವಾರದ ರಜೆ ನೋಡಿಕೊಂಡು ದಿನ ಹಂಚಿ: ನೀಸ್‌ನ ಮಾತೀಸ್, ಶಗಾಲ್ ಎರಡೂ ಮಂಗಳವಾರ ಮುಚ್ಚಿರುತ್ತವೆ, ಆಂತೀಬ್‌ನ ಪಿಕಾಸೊ ಮ್ಯೂಸಿಯಂ ಸೋಮವಾರ. ನೀಸ್ ಹಳೆಪೇಟೆಯ ಕೂರ್ ಸಾಲೆಯಾದ ಹೂ-ತರಕಾರಿ ಸಂತೆಯೂ ಸೋಮವಾರ ಇರುವುದಿಲ್ಲ, ಆ ದಿನ ಹಳೆ ಸಾಮಾನಿನ ಅಂಗಡಿಗಳು. ಒಂದು ದಿನವನ್ನು ಖಾಲಿ ಬಿಡಿ. ರೈಲು ಮುಷ್ಕರ ಅಲ್ಲಿ ಮಾಮೂಲಿ, ‘ಗ್ರೆವ್’ ಎಂಬ ಪದ ಕಂಡರೆ ಅದೇ. ಕಾರು ಬಾಡಿಗೆಗೆ ಪಡೆಯುವ ಆಲೋಚನೆ ಕೈಬಿಡಿ. ಪಾರ್ಕಿಂಗ್ ಹುಡುಕುವುದರಲ್ಲೇ ಮಧ್ಯಾಹ್ನ ಕಳೆಯುತ್ತದೆ.

ಹೊಟ್ಟೆಪಾಡು

ಬೆಳಗ್ಗೆ ಆರರಿಂದ ರಾತ್ರಿ ಹನ್ನೊಂದರವರೆಗೆ ಬಾಗಿಲು ತೆರೆದಿರುವ ಉಡುಪಿ ಹೋಟೆಲಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಊಟ 12ರಿಂದ 2, ಆಮೇಲೆ ಏಳರ ನಂತರವೇ ಒಲೆ ಹೊತ್ತುವುದು. ಮೂರು ಗಂಟೆಗೆ ಹಸಿದರೆ ಬೇಕರಿಯೇ ಗತಿ. ನಲ್ಲಿ ನೀರು ಕುಡಿಯಬಹುದು. ‘ಕರಾಫ್ ದೋ’ ಎಂದು ಕೇಳಿದರೆ ಜಗ್‌ನಲ್ಲಿ ಪುಕ್ಕಟೆ ತಂದಿಡುತ್ತಾರೆ, ಬರೀ ‘ವಾಟರ್’ ಎಂದರೆ ಬಾಟಲಿಯ ಬಿಲ್ ಬೀಳಬಹುದು.

ಸಸ್ಯಾಹಾರಿಗಳಿಗೆ ನೀಸ್‌ನಲ್ಲಿ ಸೋಕಾ ಇದೆ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಅಗಲ ತಾಮ್ರದ ತಟ್ಟೆಗೆ ತೆಳ್ಳಗೆ ಸುರಿದು ಕಟ್ಟಿಗೆ ಒಲೆಯೊಳಗೆ ತಳ್ಳುತ್ತಾರೆ. ಅಂಚು ಕಪ್ಪಾಗಿ ಗರಿಗರಿ, ನಡುವೆ ಮೆತ್ತಗೆ; ಮೇಲೆ ಕಾಳುಮೆಣಸು. ತಟ್ಟೆ ಹೊರಬಂದ ಕೂಡಲೇ ತಿನ್ನಬೇಕು, ಆರಿದರೆ ರಬ್ಬರು. ಪಿಸಲಾದಿಯೇರ್ ಎಂಬ ಈರುಳ್ಳಿ ರೊಟ್ಟಿ ನೋಡಲು ಶಾಕಾಹಾರಿ, ಒಳಗೆ ಆಂಚೊವಿ ಮೀನು. ಪಾಂ ಬಾನ್ಯಾ ಎಂಬ ಸ್ಯಾಂಡ್‌ವಿಚ್‌ನಲ್ಲಿ ಟ್ಯೂನಾ, ಮೊಟ್ಟೆ. ‘ಸಾಂ ವಿಯಾಂದ್, ಸಾಂ ಪ್ವಾಸೋಂ’, ಮಾಂಸ ಬೇಡ, ಮೀನು ಬೇಡ, ಎರಡನ್ನೂ ಹೇಳಿ. ಮೊದಲನೆಯದನ್ನಷ್ಟೇ ಹೇಳಿದರೆ ಮೀನು ಬರುತ್ತದೆ.

ಅಡುಗೆಮನೆ ಇರುವ ಕೋಣೆ ಹಿಡಿದವರು ಚಟ್ನಿಪುಡಿ, ಅವಲಕ್ಕಿ, ರವೆ, ಸಾರಿನಪುಡಿ ಧಾರಾಳವಾಗಿ ಒಯ್ಯಬಹುದು. ಹಾಲಿನ ಪದಾರ್ಥ, ಮಾಂಸ ಯೂರೋಪಿನೊಳಗೆ ಒಯ್ಯುವುದು ನಿಷಿದ್ಧ. ತುಪ್ಪದ ಡಬ್ಬಿ, ಪೇಡೆ, ಮಾಂಸದ ಉಪ್ಪಿನಕಾಯಿ ಎಲ್ಲ ಮನೆಯಲ್ಲೇ ಇರಲಿ; ಒಣಮೀನಿಗೆ ಮಾತ್ರ ಈ ನಿಷೇಧವಿಲ್ಲ. ಹಸಿ ಹಣ್ಣು-ಸೊಪ್ಪಿಗೂ ಪ್ರಮಾಣಪತ್ರ ಬೇಕು. ವಿನಾಯಿತಿ ಇರುವುದು ತೆಂಗಿನಕಾಯಿ, ಬಾಳೆ, ಅನಾನಸ್, ಖರ್ಜೂರ, ಡೂರಿಯನ್‌ಗೆ ಮಾತ್ರ. ಅಂದರೆ ಅಲ್ಲಿರುವ ನೆಂಟರಿಗೆಂದು ಕ್ರಾಫರ್ಡ್ ಮಾರ್ಕೆಟ್‌ನಿಂದ ಕಟ್ಟಿಸಿದ ಆಪೂಸ್ ಪೆಟ್ಟಿಗೆಯೂ, ಕರಿಬೇವಿನ ಕಟ್ಟೂ ಕಸ್ಟಮ್ಸ್‌ನಲ್ಲೇ ಉಳಿಯುತ್ತವೆ.

ಮರಳುವಾಗ

ಒಂದೇ ಅಂಗಡಿಯಲ್ಲಿ 100 ಯೂರೊ ಮೀರಿ ಕೊಂಡಿದ್ದರೆ ತೆರಿಗೆ ವಾಪಸಿನ ಫಾರ್ಮ್ ಕೇಳಿ ಪಡೆಯಿರಿ, ಪಾಸ್‌ಪೋರ್ಟ್ ತೋರಿಸಬೇಕು. ದುಬೈ ಅಥವಾ ಇಸ್ತಾಂಬುಲ್ ಮೂಲಕ ಮರಳುವವರು ನೀಸ್ ವಿಮಾನ ನಿಲ್ದಾಣದ ‘ಪಾಬ್ಲೊ’ ಯಂತ್ರದಲ್ಲಿ ಅದನ್ನು ಸ್ಕ್ಯಾನ್ ಮಾಡಿ, ಹಸಿರು ಗುರುತು ಬಂದ ಮೇಲೆಯೇ ಸೂಟ್‌ಕೇಸ್ ಒಳಗೆ ಕೊಡಬೇಕು. ಲಗೇಜ್ ಕೊಟ್ಟ ಮೇಲೆ ಕಸ್ಟಮ್ಸ್‌ನವರು ಸಾಮಾನು ತೋರಿಸಿ ಎಂದರೆ ತೋರಿಸಲು ಏನೂ ಇರುವುದಿಲ್ಲ. ಫ್ರಾಂಕ್‌ಫರ್ಟ್ ಮೂಲಕ ಬರುವವರಿಗೆ ಈ ಕೆಲಸ ಅಲ್ಲಿಯ ಕಸ್ಟಮ್ಸ್ ಕೌಂಟರ್‌ನಲ್ಲಿ, ಆದ್ದರಿಂದ ಕೊಂಡ ಸಾಮಾನು ಕೈಚೀಲದಲ್ಲಿರಲಿ.