ಕಾರಿನ ಕಪ್ಪು ಬಣ್ಣದ ಮೇಲೆ ಮಿಗ್-21ರ ಬೆಳ್ಳಿ: ನನ್ನ ಅನುಭವ

ಪ್ಲಾಸ್ಟಿಕ್ ಮಾಡೆಲ್ ವಿಮಾನದ ಮೇಲೆ ಬೆಳ್ಳಿ ಬಣ್ಣ ನಯವಾಗಿ ಬರಬೇಕಾದರೆ ಅದರ ಕೆಳಗಿನ ಗ್ಲಾಸ್ ಕಪ್ಪು, ಅಂದರೆ ಹೊಳೆಯುವ ಕಪ್ಪು ಬಣ್ಣ, ಚೆನ್ನಾಗಿರಬೇಕು. ಇದು ಮಾಡೆಲ್ ಕಟ್ಟುವ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಆ ಕಪ್ಪಿಗೆ ಕಾರಿಗೆ ಹೊಡೆಯುವ 2ಕೆ ಪಿಯು ಪೇಂಟನ್ನೇ (ಹಾರ್ಡ್ನರ್ ಎಂಬ ಗಟ್ಟಿಯಾಗಿಸುವ ದ್ರವ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಬಣ್ಣ) ಬಳಸುತ್ತೇನೆ ಅಂದಾಗ ನಮ್ಮ ಗೆಳೆಯರ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. ಪ್ಲಾಸ್ಟಿಕ್ ಕರಗಿ ಹೋಗುತ್ತೆ ಅಂದರು. ಪ್ಯಾನೆಲ್ ಲೈನ್, ಅಂದರೆ ವಿಮಾನದ ತಗಡುಗಳ ಜೋಡಣೆ ತೋರಿಸುವ ಸಣ್ಣ ಗೆರೆಗಳು, ಎಲ್ಲ ಮುಚ್ಚಿ ಹೋಗುತ್ತೆ ಅಂದರು. ಕಾರಿನ ಮಾಡೆಲ್‌ಗೆ ಸರಿ, ವಿಮಾನಕ್ಕೆ ಬೇಡ ಅಂತ ಹಿರಿಯರೊಬ್ಬರು ಬುದ್ಧಿ ಹೇಳಿದರು. ಈಗ 1/48 ಅಳತೆಯ ಮಿಗ್-21 ಎಫ್‌ಎಲ್ ಮುಗಿದಿದೆ. ರೆಕ್ಕೆಯ ಮೇಲೆ ಟ್ಯೂಬ್‌ಲೈಟ್ ಬಿಂಬ ನೇರ ಗೆರೆಯಾಗಿ ಕಾಣುತ್ತದೆ, ಎಲ್ಲೂ ಅಲುಗುವುದಿಲ್ಲ. ಬೇಡ ಅಂದವರೇ ಈಗ ಮನೆಗೆ ಬಂದು, ಭೂತಗನ್ನಡಿ ಹಿಡಿದು ನೋಡಿ ಹೋಗುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮಿಗ್ ಯಾಕೆ ಅಂತ ಕೇಳಬೇಕಾಗಿಲ್ಲ. 1963ರಲ್ಲಿ ನಮ್ಮ ವಾಯುಪಡೆಗೆ ಬಂದ ವಿಮಾನ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಹೇಳಿತು. ಎಫ್‌ಎಲ್ ಮಾದರಿಯನ್ನು ಎಚ್‌ಎಎಲ್ ನಾಸಿಕ್‌ನಲ್ಲಿ ಕಟ್ಟುತ್ತಿತ್ತು. 1971ರ ಯುದ್ಧದ ಹೊತ್ತಿಗೆ ತರಾತುರಿಯಲ್ಲಿ ಕ್ಯಾಮೊಫ್ಲಾಜ್ ಬಳಿದರು. ಅದಕ್ಕೂ ಮುಂಚಿನ ರೂಪ ನನಗಿಷ್ಟ. ಬರೀ ಲೋಹ, ಮೂಗಿನ ಕೋನ್ ಹಸಿರು. ಈ ರೂಪದಲ್ಲಿ ಏನನ್ನೂ ಮುಚ್ಚಿಡಲು ಆಗುವುದಿಲ್ಲ. ಜೋಡಿಸಿದ ಗೆರೆಯಲ್ಲಿ ಕೂದಲೆಳೆಯಷ್ಟು ಪುಟ್ಟಿ ಉಳಿದರೂ ಬೆಳ್ಳಿ ಅದನ್ನು ಎತ್ತಿ ತೋರಿಸುತ್ತದೆ.

ಇಲ್ಲಿಗೆ ಬರುವ ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕವನ್ನೂ ಹೇಳುತ್ತೇನೆ. ಮೊದಲು ಹಾರ್ಡ್‌ವೇರ್ ಅಂಗಡಿಯ ಅಲ್ಯುಮಿನಿಯಂ ಪೌಡರ್. ಗೇಟಿಗೆ ಬಳಿಯುತ್ತಾರಲ್ಲ, ಅದೇ. ಐವತ್ತು ರೂಪಾಯಿಯೂ ಆಗಲಿಲ್ಲ. ಆದರೆ ಕಣ ದಪ್ಪ. ಲೆಕ್ಕ ಹಾಕಿ ನೋಡಿ: 20 ಮೈಕ್ರಾನ್ ಕಣ 1/48ರಲ್ಲಿ ನಿಜವಾದ ವಿಮಾನದ ಮೇಲೆ ಹತ್ತಿರ ಹತ್ತಿರ 1 ಮಿಲಿಮೀಟರ್ ಆಗುತ್ತದೆ. ಎಷ್ಟು ಚೆನ್ನಾಗಿ ಹೊಡೆದರೂ ಗೇಟಿನ ಬಣ್ಣದ ಹಾಗೇ ಕಾಣುವುದು ಅದಕ್ಕೇ. ಆಮೇಲೆ ಸ್ಪ್ರೇ ಕ್ಯಾನ್‌ಗಳು. ಒಂದಕ್ಕೆ ಏಳೆಂಟು ನೂರು. ದೂರದಿಂದ ಚಂದ, ಹತ್ತಿರ ಹೋದರೆ ಮೂಲೆಗಳಲ್ಲಿ ಬಣ್ಣ ಕಟ್ಟಿಕೊಂಡಿರುತ್ತದೆ. ನೀರಿನ ಅಕ್ರಿಲಿಕ್ ಮೆಟಾಲಿಕ್ ಹೊಳಪು ಚೆನ್ನಾಗಿಯೇ ಕೊಟ್ಟಿತು. ಆದರೆ ಮಾಸ್ಕಿಂಗ್ ಟೇಪ್ ತೆಗೆದಾಗ ಅದರ ಜೊತೆಗೇ ಎದ್ದು ಬಂತು.

ತುಂಬಾ ನೋವು ಕೊಟ್ಟಿದ್ದು ಹಾಬಿ ಬ್ರ್ಯಾಂಡಿನ ಒಂದು ಗ್ಲಾಸ್ ಕಪ್ಪು. ಹೆಸರು ಬೇಡ. ಮಳೆಗಾಲದ ಬೆಂಗಳೂರಿನಲ್ಲಿ ಅದು ವಾರ ಕಳೆದರೂ ಒಳಗೆ ಮೆತ್ತಗೇ ಇತ್ತು. ಮೇಲೆ ಲ್ಯಾಕರ್ (ತಿನ್ನರಿನಲ್ಲಿ ಕರಗಿದ, ಬೇಗ ಒಣಗುವ ಬಣ್ಣ) ಬೆಳ್ಳಿ ಬಿದ್ದ ಕೂಡಲೇ ಅದರ ತಿನ್ನರ್ ಕಪ್ಪನ್ನು ಕಚ್ಚಿ, ಎರಡೂ ರೆಕ್ಕೆಗಳು ಒಣಗಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟವು. ಕಿಟ್, ಬಣ್ಣ, ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳು) ಸೇರಿ ಆರೇಳು ಸಾವಿರ ಹೋಯಿತು.

ಮನೆ ಹತ್ತಿರದ ಟಿಂಕರಿಂಗ್ ಗ್ಯಾರೇಜಿನ ಪೇಂಟರ್ ಒಬ್ಬರು ದಾರಿ ತೋರಿಸಿದರು. ಹಾರ್ಡ್ನರ್ ಹಾಕಿದ ಕಪ್ಪು ಪೂರ್ತಿ ಒಣಗಿದ ಮೇಲೆ ತಿನ್ನರ್ ಬಟ್ಟೆಯಿಂದ ಒರೆಸಿದರೂ ಕರಗುವುದಿಲ್ಲ ಅಂದರು. ಅಲ್ಲೇ ಒಂದು ಹಳೆಯ ಬಾನೆಟ್ ಮೇಲೆ ಒರೆಸಿಯೂ ತೋರಿಸಿದರು. ನನಗೆ ಬೇಕಾಗಿದ್ದೂ ಅದೇ ಅಲ್ವಾ? ಬೆಳ್ಳಿ ಕೆಟ್ಟರೆ ಒರೆಸಿ ಹಾಕಿ, ಅದೇ ಕಪ್ಪಿನ ಮೇಲೆ ಮತ್ತೆ ಹೊಡೆಯಬಹುದು. ಹಾಬಿ ಕಪ್ಪಿನಲ್ಲಿ ಈ ಸೌಲಭ್ಯ ಇಲ್ಲ.

ಜೆ.ಸಿ. ರಸ್ತೆಯಲ್ಲಿ 2ಕೆ ಕಪ್ಪು, ಅದರ ಹಾರ್ಡ್ನರ್, ಪಿಯು ತಿನ್ನರ್ ಎಲ್ಲ ಸೇರಿ ಐನೂರರ ಒಳಗೆ ಸಿಕ್ಕಿತು. ಇದರಲ್ಲಿ ಹತ್ತು ಹನ್ನೆರಡು ವಿಮಾನ ಮುಗಿಯುತ್ತದೆ. ಎನ್‌ಸಿ (ನೈಟ್ರೊಸೆಲ್ಯುಲೋಸ್) ತಿನ್ನರ್ ಮಾತ್ರ ಹತ್ತಿರ ಸೇರಿಸಬೇಡಿ. ಪ್ಲಾಸ್ಟಿಕ್ ತಿನ್ನುವುದು ಅದು. ಪಿಯು ತಿನ್ನರ್ ಕೂಡ ಬರೀ ಪ್ಲಾಸ್ಟಿಕ್ ಮೇಲೆ ಬೀಳಬಾರದು. ಹಾಗಾಗಿ ಮೊದಲು ಪ್ರೈಮರ್ ಆಗಿ ಮಿಸ್ಟರ್ ಸರ್ಫೇಸರ್ 1500 ಕಪ್ಪನ್ನು ತೆಳುವಾಗಿ ಎರಡು ಕೋಟ್ ಹೊಡೆದು, ಒಂದು ದಿನ ಬಿಟ್ಟು, 2000 ನಂಬರಿನ ವಾಟರ್ ಪೇಪರಿನಿಂದ ತಿಕ್ಕಿದೆ. ಅದರ ಮೇಲೆ 2ಕೆ.

ಪ್ಯಾನೆಲ್ ಲೈನ್ ಬಗ್ಗೆ ಗೆಳೆಯರು ಹೇಳಿದ್ದರಲ್ಲಿ ಸತ್ಯ ಇದೆ. ಈ ಪೇಂಟ್ ದಪ್ಪ. ಅದಕ್ಕೆ ಎರಡು ಉಪಾಯ. ಪ್ರೈಮರಿಗೆ ಮೊದಲೇ ಎಲ್ಲ ಗೆರೆಗಳನ್ನೂ ಸ್ಕ್ರೈಬರಿನಲ್ಲಿ (ಗೆರೆ ಕೊರೆಯುವ ಚೂಪು ಉಪಕರಣ) ಇನ್ನೊಮ್ಮೆ ಎಳೆದು ಸ್ವಲ್ಪ ಆಳ ಮಾಡಿಕೊಳ್ಳುವುದು ಒಂದು. ಪೇಂಟನ್ನು ಗ್ಯಾರೇಜಿನವರಿಗಿಂತ ಜಾಸ್ತಿ ತೆಳು ಮಾಡುವುದು ಇನ್ನೊಂದು. ಎಷ್ಟು ತೆಳು ಅನ್ನುವುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಒಂದು ಸಂಜೆ ಪ್ಲಾಸ್ಟಿಕ್ ಚಮಚದ ಮೇಲೆ ಹೊಡೆದು ನೋಡಿದರೆ ನಿಮಗೇ ಸಿಗುತ್ತದೆ. ಮೊದಲು ತುಂತುರು ಕೋಟ್, ಹತ್ತು ನಿಮಿಷ ಬಿಟ್ಟು ಒಂದೇ ಒಂದು ಒದ್ದೆ ಕೋಟ್. ಅಷ್ಟೇ. ಮೂರನೆಯದರ ಆಸೆ ಬೇಡ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹಾರ್ಡ್ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಅಪಾಯಕಾರಿ ರಾಸಾಯನಿಕ. ಬಟ್ಟೆ ಮಾಸ್ಕ್ ಕಟ್ಟಿಕೊಂಡು ರೂಮಿನಲ್ಲಿ ಹೊಡೆಯಬೇಡಿ. ಕಾರ್ಟ್ರಿಡ್ಜ್ ಮಾಸ್ಕ್, ಕೈಗವಸು, ಕಿಟಕಿಯಿಂದ ಹೊರಗೆ ಗಾಳಿ ತಳ್ಳುವ ಎಕ್ಸಾಸ್ಟ್ ಫ್ಯಾನ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಮನೆಯಲ್ಲಿ ಮಕ್ಕಳಿದ್ದರಂತೂ ಇನ್ನೂ ಹುಷಾರಾಗಿರಿ.

ಒಣಗಿಸಲು ಮುಚ್ಚಳ ಇರುವ ದೊಡ್ಡ ಡಬ್ಬಕ್ಕೆ 40 ವ್ಯಾಟ್ ಬಲ್ಬ್ ಇಟ್ಟೆ. ಒಳಗೆ ನಲವತ್ತು ಡಿಗ್ರಿ ಆಸುಪಾಸು ಇರುತ್ತದೆ. ಅದಕ್ಕಿಂತ ಜಾಸ್ತಿಯಾದರೆ ತೆಳು ರೆಕ್ಕೆ ಬಾಗುವ ಭಯ. ಡಬ್ಬದಿಂದ ತೆಗೆದ ಮೇಲೆ ಧೂಳಿನ ಗುಳ್ಳೆಗಳನ್ನು 3000 ನಂಬರಿನ ಪೇಪರಿನಲ್ಲಿ ತಿಕ್ಕಿ, ಪಾಲಿಶ್ ಕಾಂಪೌಂಡ್ ಹಾಕಿ ಹಳೆಯ ಬನಿಯನ್ ಬಟ್ಟೆಯಲ್ಲಿ ಉಜ್ಜಿದೆ. ಇಲ್ಲಿ ಒಂದು ತೊಡಕಿದೆ. 2ಕೆ ತುಂಬಾ ಗಟ್ಟಿಯಾದರೆ ಬೆಳ್ಳಿ ಅದನ್ನು ಹಿಡಿದುಕೊಳ್ಳುವುದಿಲ್ಲ, ಟೇಪಿಗೆ ಎದ್ದು ಬರುತ್ತದೆ. ಹಸಿ ಇದ್ದರೆ ಮತ್ತೆ ಬಿರುಕು. ಎರಡರ ನಡುವೆ ಒಂದು ಹೊತ್ತಿದೆ. ಅದು ಎಷ್ಟು ಗಂಟೆಗೆ ಬರುತ್ತದೆ ಅನ್ನುವುದೇ ನನ್ನ ಗುಟ್ಟು. ಸುಳಿವು ಮಾತ್ರ ಕೊಡುತ್ತೇನೆ: ಗಡಿಯಾರ ನೋಡಬೇಡಿ, ಚಮಚದ ಮೇಲಿನ ಬಣ್ಣಕ್ಕೆ ಉಗುರು ಒತ್ತಿ ನೋಡಿ.

ಬೆಳ್ಳಿಗೆ ಆಲ್ಕ್ಲಾಡ್ ಬ್ರ್ಯಾಂಡಿನ ಏರ್‌ಫ್ರೇಮ್ ಅಲ್ಯುಮಿನಿಯಂ ಲ್ಯಾಕರ್. 30 ಎಂಎಲ್ ಬಾಟಲಿ ಸಾವಿರದ ಹತ್ತಿರ ಬಿತ್ತು. ಏರ್‌ಬ್ರಷ್ (ಗಾಳಿಯ ಒತ್ತಡದಲ್ಲಿ ಬಣ್ಣ ಹಾಯಿಸುವ ಪೆನ್ನು) 0.3 ಮಿಲಿಮೀಟರ್ ನಾಝಲ್ಲಿನ ಚೀನಾ ಮಾಲು, ಎರಡು ಸಾವಿರದ ಒಳಗಿನದು. ಇದರಲ್ಲಿ ಆಗಲ್ಲ ಅಂದವರಿಗೂ ಉತ್ತರ ಸಿಕ್ಕಂತಾಯಿತು. 12ರಿಂದ 15 ಪಿಎಸ್‌ಐ ಗಾಳಿಯ ಒತ್ತಡ, ಎರಡು ಮೂರು ಇಂಚು ದೂರ, ಕೈ ನಿಲ್ಲಬಾರದು. ಬಣ್ಣ ಒಣಗಿ ಬಿದ್ದರೆ ಕಣಗಳು ಅಡ್ಡಾದಿಡ್ಡಿ ನಿಂತು ಮರಳಿನ ಹಾಗೆ ಒರಟಾಗುತ್ತದೆ. ಒದ್ದೆ ಜಾಸ್ತಿಯಾದರೆ ಕಣಗಳು ತೇಲಿ ಮೋಡ ಮೋಡವಾಗುತ್ತದೆ. ಮೂರು ನಾಲ್ಕು ಸಲ ತೆಳುವಾಗಿ ಹಾಯಿಸಿ, ಕಪ್ಪು ಇನ್ನೂ ಒಂಚೂರು ಕಾಣುತ್ತಿರುವಾಗಲೇ ಕೈ ತೆಗೆದೆ. ಎಲ್ಲರೂ ಎಡವುವುದು ಇಲ್ಲೇ. ಇನ್ನೊಂದು ಕೋಟ್ ಹೊಡೆದರೆ ಇನ್ನೂ ಹೊಳೆಯುತ್ತದೆ ಅನಿಸುತ್ತದೆ. ಇಲ್ಲ, ಬೂದಿಯಾಗುತ್ತದೆ. ಹೊಳಪು ಬರುವುದು ಕೆಳಗಿನ ಕಪ್ಪಿನಿಂದ.

ಮಳೆ ಬರುವ ದಿನ ಲ್ಯಾಕರ್ ಹೊಡೆಯುವುದೇ ಇಲ್ಲ. ಮಾಯಿಶ್ಚರ್ ಟ್ರ್ಯಾಪ್ ಕಂಪ್ರೆಸರ್ ಪೈಪಿನ ನೀರನ್ನು ಹಿಡಿಯುತ್ತದೆ, ರೂಮಿನ ಗಾಳಿಯ ತೇವವನ್ನಲ್ಲ. ಬಿಳಿ ಮಬ್ಬು ಕೂತರೆ ಅಲ್ಲಿಗೆ ಮುಗಿಯಿತು.

ಒಂದೇ ಬೆಳ್ಳಿ ಇದ್ದರೆ ಆಟಿಕೆಯ ಹಾಗೆ ಕಾಣುತ್ತದೆ. ಕೆಲವು ಪ್ಯಾನೆಲ್‌ಗಳಿಗೆ ಡಾರ್ಕ್ ಅಲ್ಯುಮಿನಿಯಂ, ಕೆಲವಕ್ಕೆ ವೈಟ್ ಅಲ್ಯುಮಿನಿಯಂ ಹಾಕಿದೆ. ಟೇಪನ್ನು ಮೊದಲು ಅಂಗೈಗೆ ಮೂರು ನಾಲ್ಕು ಸಲ ಅಂಟಿಸಿ ಕಿತ್ತು ಅಂಟು ಕಡಿಮೆ ಮಾಡಿಕೊಂಡೆ. ಎಂಜಿನ್ನಿನ ಹಿಂಬಾಯಿಯ ಹತ್ತಿರ ಒಂದು ಪ್ರಯೋಗ ಮಾಡಿದೆ. 6ಬಿ ಪೆನ್ಸಿಲ್ಲಿನ ಪುಡಿಯನ್ನು ಬೆರಳಿನಲ್ಲಿ ಬೆಳ್ಳಿಯ ಮೇಲೆ ಉಜ್ಜಿದೆ. ಶಾಖ ಕಂಡ ಉಕ್ಕಿನ ಬಣ್ಣ ಬಂತು, ಖರ್ಚು ಹತ್ತು ರೂಪಾಯಿ. ಅಡುಗೆಮನೆಯ ಫಾಯಿಲನ್ನು ಡ್ರಾಪ್ ಟ್ಯಾಂಕಿಗೆ (ವಿಮಾನದ ಕೆಳಗೆ ತೂಗುವ ಇಂಧನದ ಟ್ಯಾಂಕು) ಅಂಟಿಸಿಯೂ ನೋಡಿದೆ. ಹೊಳಪಿನಲ್ಲಿ ಯಾವ ಬಣ್ಣವೂ ಅದಕ್ಕೆ ಸಮ ಇಲ್ಲ. ಆದರೆ ಟ್ಯಾಂಕಿನ ಮೂಗಿನ ಉರುಟಿನಲ್ಲಿ ಸುಕ್ಕು ಬಿಡುವುದಿಲ್ಲ. ಚಪ್ಪಟೆ ಪ್ಯಾನೆಲ್ಲಿಗಾದರೆ ಇನ್ನೊಮ್ಮೆ ನೋಡುವ ಮನಸ್ಸಿದೆ.

ಮೇಲೆ ಕ್ಲಿಯರ್ ಕೋಟ್ ಹಾಕಲಿಲ್ಲ. ಯಾವ ಕ್ಲಿಯರ್ ಹಾಕಿದರೂ ಲೋಹ ಹೋಗಿ ಬಣ್ಣ ಉಳಿಯುತ್ತದೆ. ತಳ ಇಷ್ಟು ನಯವಾಗಿದ್ದರೆ ಡೆಕಾಲ್ ನೇರವಾಗಿ ಬೆಳ್ಳಿಯ ಮೇಲೇ ಕೂರುತ್ತದೆ, ಅಂಚಿನಲ್ಲಿ ಗಾಳಿ ಸೇರುವುದಿಲ್ಲ. ಮುಗಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಗುರುತು ಕೂತರೆ ಹೋಗುವುದು ಕಷ್ಟ, ನಾನು ಹತ್ತಿ ಕೈಗವಸು ಹಾಕಿಯೇ ಎತ್ತುತ್ತೇನೆ.

ಕಿಟ್ ಬಿಟ್ಟು ಈ ವಿಮಾನದ ಬಣ್ಣದ ಖರ್ಚು ಅಂದಾಜು ನಾನೂರು ರೂಪಾಯಿ, ಯಾಕೆಂದರೆ ಬಾಟಲಿಗಳಲ್ಲಿ ಬಹುಪಾಲು ಇನ್ನೂ ಉಳಿದಿದೆ. ಮುಂದಿನದು ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನ, ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾದದ್ದು. 1/72ರಲ್ಲಿ ಈ ಕಪ್ಪು ದಪ್ಪವಾಗುತ್ತದೆ ಅಂತ ಗೆಳೆಯರು ಈಗಲೇ ಶುರು ಮಾಡಿದ್ದಾರೆ. ಪ್ರೈಮರ್ ಹೊಡೆದು ಆಗಿದೆ, ಈ ಭಾನುವಾರ ಬಿಸಿಲಿದ್ದರೆ ಕಪ್ಪು.