ಹೆಪ್ಪುಗಟ್ಟಿದ ಕೆರೆಗೆ ಕಾಲಿಡುವ ಮುಂಚೆ: ದಾವಣಗೆರೆ, ದುರ್ಗದ ಕಡೆಯಿಂದ ಬಂದವರಿಗೆ ಸೂಟ್ ಆಯ್ಕೆ

ಅಮೆರಿಕದ ಮಿನ್ನೆಸೋಟಾಕ್ಕೆ ಹೊಸದಾಗಿ ಬಂದ ನಮ್ಮ ಕಡೆಯವರು ಮೊದಲ ಚಳಿಗಾಲದಲ್ಲಿ ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ: "ಆಫೀಸಿನವ್ರು ಐಸ್ ಮೇಲೆ ಮೀನು ಹಿಡಿಯಾಕೆ ಕರೀತಿದಾರೆ, ಎಷ್ಟು ದಪ್ಪದ ಜಾಕೆಟ್ ತಗೊಳ್ಳಲಿ ಅಣ್ಣಾ?" ದಪ್ಪದ ಮಾತು ಆಮೇಲೆ. ಐಸ್ ಮೇಲೆ ಹಾಕುವ ಸೂಟ್, ಅಂದರೆ ಜಾಕೆಟ್ ಮತ್ತು ಪ್ಯಾಂಟಿನ ಜೋಡಿ, ನಿಮ್ಮನ್ನು ನೀರಿನ ಮೇಲೆ ತೇಲಿಸುತ್ತದೆಯೇ ಅನ್ನುವುದನ್ನು ಮೊದಲು ನೋಡಿ. ಚಳಿ ತಡೆಯದಿದ್ದರೆ ಒಳಗೆ ಇನ್ನೊಂದು ಸ್ವೆಟರ್ ಹಾಕಿಕೊಳ್ಳಬಹುದು. ತೇಲುವ ಗುಣವನ್ನು ಆಮೇಲೆ ತಂದು ಸೇರಿಸಲು ಬರುವುದಿಲ್ಲ.

ಭದ್ರಾ ಚಾನಲ್‌ನಲ್ಲಿ ಈಜು ಕಲಿತವರಿಗೆ, ಸೂಳೆಕೆರೆಯಲ್ಲಿ ತೆಪ್ಪ ಹತ್ತಿದವರಿಗೆ, ವಾಣಿವಿಲಾಸ ಸಾಗರದ ಹಿನ್ನೀರು ನೋಡಿ ಬೆಳೆದವರಿಗೆ ನೀರಿನ ಭಯ ಕಡಿಮೆ. ಅಲ್ಲಿ ಬಿದ್ದರೆ ಬಟ್ಟೆ ಒದ್ದೆಯಾಗುತ್ತದೆ, ನಾಲ್ಕು ಕೈ ಹೊಡೆದರೆ ದಡ ಸಿಗುತ್ತದೆ. ಇಲ್ಲಿ ಅದೇ ಧೈರ್ಯ ಅಪಾಯ ತರುತ್ತದೆ. ಸೊನ್ನೆ ಡಿಗ್ರಿ (ಇಲ್ಲಿನ ಲೆಕ್ಕವೆಲ್ಲ ಸೆಲ್ಸಿಯಸ್) ಹತ್ತಿರದ ನೀರಿಗೆ ದೇಹ ಬಿದ್ದ ತಕ್ಷಣ ಉಸಿರು ತನ್ನಷ್ಟಕ್ಕೆ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಕ್ಷಣಕ್ಕೆ ಬಾಯಿ ನೀರಿನೊಳಗಿದ್ದರೆ ನೀರೇ ಒಳಗೆ ಹೋಗುತ್ತದೆ, ಈಜು ಬಂದರೂ ಉಪಯೋಗವಿಲ್ಲ. ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗೋರ್ಡನ್ ಗೀಸ್‌ಬ್ರೆಕ್ಟ್ ಜನರಿಗೆ ತಿಳಿಯುವಂತೆ ಹೇಳಿಕೊಟ್ಟ ಲೆಕ್ಕವನ್ನು ಇಲ್ಲಿ ಮಕ್ಕಳಿಗೂ ಕಲಿಸುತ್ತಾರೆ: 1-10-1. ಉಸಿರು ಹಿಡಿತಕ್ಕೆ ಬರಲು 1 ನಿಮಿಷ, ಕೈಕಾಲು ಹೇಳಿದ ಮಾತು ಕೇಳುವುದು ಸುಮಾರು 10 ನಿಮಿಷ, ದೇಹ ತಣ್ಣಗಾಗಿ ಪ್ರಜ್ಞೆ ತಪ್ಪುವುದಕ್ಕೆ ಸುಮಾರು 1 ಗಂಟೆ. ಹೆಚ್ಚಿನವರ ಜೀವ ಹೋಗುವುದು ಆ ಒಂದು ಗಂಟೆಯ ಚಳಿಯಿಂದಲ್ಲ, ಅದಕ್ಕೂ ಮುಂಚೆ ಮುಳುಗಿ. ತೇಲುವ ಸೂಟ್ ಮೊದಲ ನಿಮಿಷದಲ್ಲಿ ಬಾಯಿಯನ್ನು ನೀರಿನ ಮೇಲಿಡುತ್ತದೆ, ಮುಂದಿನ ಹತ್ತು ನಿಮಿಷವನ್ನು ನಿಮ್ಮ ಕೈಗೆ ಕೊಡುತ್ತದೆ. ಅದಕ್ಕಾಗಿಯೇ ಅಷ್ಟು ದುಡ್ಡು.

ಅಂಗಡಿಗೆ ಹೋದರೆ ಮೂರು ಬಗೆಯವು ಒಂದೇ ಸಾಲಿನಲ್ಲಿ ತೂಗುಹಾಕಿರುತ್ತವೆ, ನೋಡಲು ಎಲ್ಲವೂ ಒಂದೇ. ಮೊದಲನೆಯದು ಬರೀ ಬೆಚ್ಚನೆಯ ಸೂಟ್. ಇದರಲ್ಲಿ ತೇಲಿಸುವ ವಸ್ತು ಏನೂ ಇಲ್ಲ. ಎರಡನೆಯದರ ಒಳಪದರದಲ್ಲಿ ನೀರು ಹೀರದ ಫೋಮ್ ಇರುತ್ತದೆ. ಇದರ ಚೀಟಿಯ ಮೇಲೆ 'ಫ್ಲೋಟೇಶನ್ ಅಸಿಸ್ಟ್' ಅಂತಿರುತ್ತದೆ, ಅಂದರೆ ತೇಲಲು ಸಹಾಯ ಮಾಡುತ್ತದೆ ಅಷ್ಟೇ, ಲೈಫ್ ಜಾಕೆಟ್ ಅಂತ ಯಾರೂ ಪ್ರಮಾಣ ಕೊಟ್ಟಿಲ್ಲ. ಮೂರನೆಯದು ಅಮೆರಿಕದ ಕೋಸ್ಟ್ ಗಾರ್ಡ್ ಒಪ್ಪಿಗೆ ಪಡೆದ ಫ್ಲೋಟ್ ಕೋಟು ಅಥವಾ ಪೂರ್ತಿ ಮೈ ಮುಚ್ಚುವ ಫ್ಲೋಟ್ ಸೂಟ್. ಜಾಕೆಟ್ ಬಿಚ್ಚಿ ಒಳಗೆ ಹೊಲಿದಿರುವ ಬಿಳಿ ಚೀಟಿ ಓದಿ: ಒಪ್ಪಿಗೆ ಸಂಖ್ಯೆ ಇದ್ದರೆ ಮಾತ್ರ ಅದು ಮೂರನೇ ಜಾತಿಯದು. ಹೊರಗಡೆ ದೊಡ್ಡ ಅಕ್ಷರದಲ್ಲಿ 'ಫ್ಲೋಟ್' ಅಂತಿದ್ದ ಮಾತ್ರಕ್ಕೆ ನಂಬಬೇಡಿ.

ಐಸ್ ಮೇಲೆ ಕೂತು ಮೀನು ಹಿಡಿಯುವವರಿಗೆ ಎರಡನೇ ಬಗೆ ಸಾಕು, ಹೆಚ್ಚಿನವರು ಹಾಕುವುದೂ ಅದನ್ನೇ. ದೋಣಿ ಹತ್ತುವುದಾದರೆ ಲೆಕ್ಕ ಬೇರೆ. ದೋಣಿಯಲ್ಲಿ ಪ್ರತಿಯೊಬ್ಬರಿಗೂ ಒಪ್ಪಿಗೆ ಪಡೆದ ಒಂದು ಲೈಫ್ ಜಾಕೆಟ್ ಇರಲೇಬೇಕು ಅನ್ನುವುದು ಕಾನೂನು. ಎರಡನೇ ಬಗೆಯ ಸೂಟ್ ಆ ಲೆಕ್ಕಕ್ಕೆ ಬರುವುದಿಲ್ಲ, ಅದರ ಮೇಲೆ ಲೈಫ್ ಜಾಕೆಟ್ ಬೇಕೇ ಬೇಕು. ಸೂಟಿನ ದಪ್ಪದ ಮೇಲೆ ಪಟ್ಟಿ ಕೂರುತ್ತದೆಯೇ ಎಂದು ಮನೆಯಲ್ಲೇ ಬಿಗಿದು ನೋಡಿ, ಸಾಮಾನ್ಯವಾಗಿ ಒಂದು ಸೈಜ್ ದೊಡ್ಡದು ಬೇಕಾಗುತ್ತದೆ. ಗ್ಯಾಸ್ ತುಂಬಿ ಉಬ್ಬುವ ತೆಳು ಲೈಫ್ ಜಾಕೆಟ್ ಚಳಿಗಾಲಕ್ಕೆ ಬೇಡ. ಸಿಲಿಂಡರಿನ ಗ್ಯಾಸ್ ಕೊರೆಯುವ ಚಳಿಯಲ್ಲಿ ನಿಧಾನ ಮಾಡುತ್ತದೆ, ಪೂರ್ತಿ ಉಬ್ಬದೆಯೂ ಇರಬಹುದು. ಅದನ್ನು ಸೂಟಿನ ಒಳಗೆ ಹಾಕಿಕೊಂಡಿದ್ದರಂತೂ ಉಬ್ಬಿದಾಗ ಎದೆಯನ್ನೇ ಅಮುಕುತ್ತದೆ.

ಜಾಕೆಟ್, ಎದೆವರೆಗೆ ಬರುವ ಬಿಬ್ ಪ್ಯಾಂಟು ಎರಡನ್ನೂ ಒಂದೇ ಜೋಡಿಯಾಗಿ ಕೊಳ್ಳಿ. ಬರೀ ಪ್ಯಾಂಟಿನಲ್ಲಿ ಫೋಮ್ ಇದ್ದು ಜಾಕೆಟ್ಟಿನಲ್ಲಿ ಇಲ್ಲದಿದ್ದರೆ ಕಾಲು ಮೇಲೆ ಬಂದು ತಲೆ ಕೆಳಗಾಗುವ ಸಾಧ್ಯತೆ ಇದೆ. ಬಿಬ್ ಹಾಕಿದರೆ ಇನ್ನೊಂದು ಲಾಭ: ಮೀನು ಹಿಡಿಯಲು ಐಸ್‌ನಲ್ಲಿ ಕೊರೆದ ರಂಧ್ರವನ್ನು ಬಗ್ಗಿ ನೋಡುವಾಗ ಸೊಂಟದ ಹಿಂಭಾಗಕ್ಕೆ ಗಾಳಿ ಹೊಡೆಯುವುದಿಲ್ಲ.

ಇನ್ನು ಅಳತೆ. ನಮ್ಮವರು ಹೆಚ್ಚು ಎಡವುವುದು ಇಲ್ಲೇ. ಟೀ ಶರ್ಟ್ ಮೇಲೆ ಹಾಕಿ ನೋಡಿ "ಸರಿ ಇದೆ" ಅಂತ ತಂದದ್ದು ಜನವರಿಯಲ್ಲಿ ಒಳಗೆ ಎರಡು ಪದರ ಬಂದಾಗ ಬಿಗಿಯಾಗುತ್ತದೆ. ಬಿಗಿಯಾದರೆ ಒಳಗಿನ ಗಾಳಿ ಹಿಂಡಿಹೋಗುತ್ತದೆ, ಗಾಳಿ ಇಲ್ಲದಿದ್ದರೆ ಬಿಸಿಯೂ ನಿಲ್ಲದು. ಚಳಿಗಾಲದಲ್ಲಿ ಹಾಕುವ ಒಳ ಉಡುಪು, ಫ್ಲೀಸ್, ಬೂಟು ಎಲ್ಲ ಹಾಕಿಕೊಂಡೇ ಅಂಗಡಿಗೆ ಹೋಗಿ. ಜಿಪ್ ಪೂರ್ತಿ ಮೇಲೆಳೆದು ಕುಕ್ಕರಗಾಲಲ್ಲಿ ಕೂತು ನೋಡಿ: ತೊಡೆಸಂದಿ ಎಳೆಯಬಾರದು, ಮಂಡಿಯ ಪ್ಯಾಡ್ ಮಂಡಿಯ ಮೇಲೇ ಇರಬೇಕು, ಮೊಣಕಾಲ ಕೆಳಗೆ ಜಾರಿರಬಾರದು. ಎರಡೂ ಕೈ ಮೇಲೆತ್ತಿ, ಮಣಿಕಟ್ಟು ಬರಿದಾಗಬಾರದು. ಮಂಡಿಯೂರಿ, ಮತ್ತೆ ಕೈ ಊರದೆ ಎದ್ದೇಳಿ. ಪ್ಯಾಂಟಿನ ಬದಿಯ ಜಿಪ್ ಸೊಂಟದವರೆಗೂ ತೆರೆಯುತ್ತದೆಯೇ ನೋಡಿ. ಇಲ್ಲದಿದ್ದರೆ ದೊಡ್ಡ ಬೂಟು ಬಿಚ್ಚದೆ ಪ್ಯಾಂಟು ತೆಗೆಯಲಾಗದು. ಕೈಗವಸು ಹಾಕಿಕೊಂಡೇ ಪ್ರತಿ ಜಿಪ್ಪನ್ನೂ ಎಳೆದು ನೋಡಿ. ಬರಿಗೈಯಲ್ಲಿ ಮಾತ್ರ ಸಿಗುವ ಚಿಕ್ಕ ಜಿಪ್ ತುಂಡು ಕೆರೆಯ ಮೇಲೆ ಕೆಲಸಕ್ಕೆ ಬರುವುದಿಲ್ಲ.

ಇಲ್ಲಿನ ಅಳತೆ ನಮ್ಮ ಮೈಕಟ್ಟಿಗೆ ಉದ್ದವಾಗುವುದುಂಟು. 'ಶಾರ್ಟ್' ಅಂತ ಕಡಿಮೆ ಉದ್ದದ ಬಿಬ್ ಕೇಳಿ ಪಡೆಯಿರಿ. ಊರಿಗೆ ಹೋದಾಗ ನಮ್ಮ ಟೈಲರ್ ಹತ್ತಿರ ತುಂಡು ಮಾಡಿಸೋಣ ಅಂದುಕೊಳ್ಳಬೇಡಿ. ಸೂಜಿ ಚುಚ್ಚಿದ ಪ್ರತಿ ತೂತೂ ನೀರು ತಡೆಯುವ ಪೊರೆಯಲ್ಲಿ ಒಂದು ಸೋರುಬಾಯಿ, ಒಳಗಿನ ಹೊಲಿಗೆಯ ಟೇಪನ್ನು ಮತ್ತೆ ಅಂಟಿಸುವುದೂ ಸುಲಭವಲ್ಲ. ಹೆಣ್ಣುಮಕ್ಕಳಿಗೆ ಬೇರೆ ಕಟ್ಟಿನ ಬಿಬ್‌ಗಳಿವೆ, ಮೇಲಿನ ಪಟ್ಟಿ ಕಳಚದೆ ಹಿಂಭಾಗ ಮಾತ್ರ ತೆರೆಯುವ ಜಿಪ್ ಇರುವಂಥವು. ದಿನವಿಡೀ ಕೆರೆಯ ಮೇಲಿರುವವರಿಗೆ ಅದು ಬಹಳ ದೊಡ್ಡ ಅನುಕೂಲ.

ಬಟ್ಟೆಯ ಗುಣಕ್ಕೆ ಮೂರು ಅಂಕಿ ನೋಡಿದರೆ ಸಾಕು. ನೀರು ತಡೆಯುವ ಶಕ್ತಿ (ಎಷ್ಟು ಎತ್ತರದ ನೀರಿನ ಒತ್ತಡವನ್ನು ಸೋರದೆ ತಡೆಯುತ್ತದೆ ಅನ್ನುವ ಅಳತೆ) 10,000 ಮಿ.ಮೀ. ಅಥವಾ ಮೇಲೆ. ಐಸ್ ಮೇಲೆ ಮಂಡಿಯೂರಿದಾಗ ದೇಹದ ಭಾರ ಕರಗಿದ ನೀರನ್ನು ಬಟ್ಟೆಯೊಳಗೆ ಒತ್ತುತ್ತದೆ, 5,000ದ ಬಟ್ಟೆ ಅಲ್ಲಿ ಸೋಲುತ್ತದೆ. ಬೆವರು ಹೊರಗೆ ಬಿಡುವ ಶಕ್ತಿ 24 ಗಂಟೆಗೆ ಚದರ ಮೀಟರಿಗೆ 5,000 ಗ್ರಾಂಗಿಂತ ಕಡಿಮೆ ಇರಬಾರದು. ಇನ್ನು ಮಂಡಿ, ಕುಂಡೆಯ ಭಾಗದಲ್ಲಿ ಒರಟು ನೈಲಾನ್, 500 ಡೆನಿಯರ್ (ನೂಲಿನ ದಪ್ಪದ ಅಳತೆ) ಆಸುಪಾಸು. ಹೊಲಿಗೆಗಳ ಒಳಬದಿಗೆ ಉದ್ದಕ್ಕೂ ಟೇಪ್ ಅಂಟಿಸಿರಬೇಕು, ಮುಖ್ಯ ಹೊಲಿಗೆಗಳಿಗಷ್ಟೇ ಟೇಪ್ ಹಾಕಿದ್ದು ಅಗ್ಗದ ಮಾಲು. ಬಣ್ಣ ಕಪ್ಪೇ ಬೇಕೆನ್ನುವವರು ಹೆಗಲ ಮೇಲೆ, ತೋಳಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಇರುವುದನ್ನಾದರೂ ಆರಿಸಿ. ಕತ್ತಲಾದ ಮೇಲೆ ಕೆರೆಯ ಮೇಲೆ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಗಾಡಿ) ಓಡುತ್ತವೆ.

ಒಳಗೆ ಏನು ಹಾಕಬೇಕು? ನಾವು ಹತ್ತಿ ಗಿರಣಿಗಳ ಊರಿನವರು, ಹತ್ತಿಯ ಮೇಲೆ ಪ್ರೀತಿ ಸಹಜ. ಆದರೆ ಊರಿಂದ ಹೊರಡುವಾಗ ಪೆಟ್ಟಿಗೆಯಲ್ಲಿ ತುಂಬುವ ಹತ್ತಿ ಬನಿಯನ್, ಹತ್ತಿ ಥರ್ಮಲ್, ಹತ್ತಿ ಕಾಲುಚೀಲ ಮೂರೂ ಕೆರೆಗೆ ಬೇಡ. ಹತ್ತಿ ಬೆವರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಒಣಗುವುದಿಲ್ಲ. ಗಾಳಿಗಿಂತ ನೀರು ಮೈಯ ಬಿಸಿಯನ್ನು ಸುಮಾರು 25 ಪಟ್ಟು ಬೇಗ ಎಳೆಯುತ್ತದೆ, ಒದ್ದೆ ಬನಿಯನ್ ಮಾಡುವುದೂ ಅದೇ ಕೆಲಸವನ್ನು. ಉಣ್ಣೆಯ ಗುಣ ನಮಗೆ ಹೊಸದಲ್ಲ. ಚಳ್ಳಕೆರೆ ಕಡೆಯ ಕುರಿಗಾಹಿ ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ನಿಲ್ಲುವುದು ನೋಡಿದ್ದೀರಿ. ಎಳೆಯ ಸುರುಳಿಯಲ್ಲಿ ಗಾಳಿ ನಿಲ್ಲುವುದರಿಂದ ಒದ್ದೆಯಾದರೂ ಅದು ಬೆಚ್ಚಗಿರುತ್ತದೆ. ಇಲ್ಲಿ ಅದೇ ಕೆಲಸಕ್ಕೆ ಚುಚ್ಚದ ಮೆರಿನೋ ಉಣ್ಣೆ ಇದೆ. ಮೈಗೆ ಅಂಟಿ ಚದರ ಮೀಟರಿಗೆ 200 ಗ್ರಾಂ ತೂಕದ ಮೆರಿನೋ, ಅದರ ಮೇಲೆ ಫ್ಲೀಸ್, ಅದರ ಮೇಲೆ ಸೂಟ್. ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿದ ದಿನ ಮಧ್ಯೆ ಇನ್ನೊಂದು ತೆಳು ಪದರ.

ಗಾಳಿಯ ಲೆಕ್ಕವನ್ನು ಮರೆಯಬೇಡಿ. ಜೋಗಿಮಟ್ಟಿಯ ಗಾಳಿ ಕಂಡವರಿಗೆ ಗಾಳಿ ಹೇಗೆ ಕೊರೆಯುತ್ತದೆ ಅನ್ನುವುದು ಗೊತ್ತು, ಆದರೆ ಕೆರೆಯ ಬಯಲಿನಲ್ಲಿ ಮರೆಯೇ ಇಲ್ಲ. ತಾಪಮಾನ ಮೈನಸ್ 18 ಇದ್ದು ಗಾಳಿ ಗಂಟೆಗೆ 24 ಕಿ.ಮೀ. ಬೀಸಿದರೆ ಬರಿಮೈಗೆ ಅದು ಮೈನಸ್ 28ರಂತೆ, ಅರ್ಧ ಗಂಟೆಯಲ್ಲಿ ಚರ್ಮ ಹೆಪ್ಪುಗಟ್ಟಬಹುದು. ಹಾಗಾಗಿ ಗಲ್ಲ ಮುಚ್ಚುವ ಕಾಲರ್, ಹೆಲ್ಮೆಟ್ ಇಲ್ಲವೇ ದಪ್ಪ ಟೋಪಿಯ ಮೇಲೆ ಕೂರುವಷ್ಟು ದೊಡ್ಡ ಹುಡ್, ಮಣಿಕಟ್ಟಿನಲ್ಲಿ ಗಾಳಿ ತಡೆಯುವ ಒಳಕಫ್ ಇರಲಿ.

ಚಳಿಯಷ್ಟೇ ದೊಡ್ಡ ಶತ್ರು ಬೆವರು. ಸಾಮಾನು ತುಂಬಿದ ಸ್ಲೆಡ್ (ಹಿಮದ ಮೇಲೆ ಜಾರುವ ಗಾಲಿಯಿಲ್ಲದ ಬಂಡಿ) ಎಳೆದುಕೊಂಡು, ಕೈ ಆಗರ್‌ನಿಂದ 8 ಇಂಚಿನ ನಾಲ್ಕು ರಂಧ್ರ ಕೊರೆಯುವಷ್ಟರಲ್ಲಿ ಬನಿಯನ್ ಒದ್ದೆ. ನಡೆಯುವಾಗ ಒಳಗಿನ ಫ್ಲೀಸ್ ತೆಗೆದು ಸ್ಲೆಡ್ಡಿನಲ್ಲಿಡಿ, ಕಂಕುಳ ಜಿಪ್ ತೆರೆಯಿರಿ, ಸ್ವಲ್ಪ ಚಳಿಯಾಗುತ್ತಿರುವಾಗಲೇ ಹೊರಡಿ. ಕೂತ ಮೇಲೆ ಹಾಕಿಕೊಳ್ಳಿ. ಜಾಕೆಟ್ ಮಾತ್ರ ಕಳಚಬೇಡಿ, ಐಸ್ ಒಡೆಯುವುದು ಸಾಮಾನ್ಯವಾಗಿ ನಡೆಯುವಾಗಲೇ.

ಬೂಟು ಒಂದು ಸೈಜ್ ದೊಡ್ಡದಿರಲಿ. ಒಳಗಿನ ಫೆಲ್ಟ್ ಚೀಲ ತೆಗೆದು ಒಣಗಿಸುವಂತಿರಬೇಕು. ಎರಡು ದಪ್ಪ ಕಾಲುಚೀಲ ತುರುಕಿದರೆ ರಕ್ತ ಓಡದೆ ಬೆರಳು ಮೊದಲು ಮರಗಟ್ಟುತ್ತದೆ.

ಸೂಟ್ ಇದೆ ಅಂತ ತೆಳು ಐಸ್ ಮೇಲೆ ಹೋಗುವ ಹಾಗಿಲ್ಲ. ಮಿನ್ನೆಸೋಟಾದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಪ್ರಕಾರ ನಡೆಯಲು ಕನಿಷ್ಠ 4 ಇಂಚು ಹೊಸ, ಗಾಜಿನಂತಹ ಐಸ್ ಬೇಕು. ಹಿಮ ಬಿದ್ದು ಕರಗಿ ಕೂಡಿದ ಬಿಳಿ ಐಸ್ ಆದರೆ ಅದರ ಎರಡು ಪಟ್ಟು. ಸೂಟಿನ ತೋಳಿನಲ್ಲಿ ಅಥವಾ ಕೊರಳಲ್ಲಿ ಒಂದು ಜೊತೆ ಐಸ್ ಪಿಕ್ ಸದಾ ತೂಗುತ್ತಿರಲಿ: ಹಿಡಿಯ ತುದಿಗೆ ಚೂಪು ಮೊಳೆ ಇರುವ, ದಾರದಿಂದ ಕಟ್ಟಿದ ಎರಡು ತುಂಡು. ಬೆಲೆ ಕಡಿಮೆ, ಚೀಲದಲ್ಲಿ ಹುಗಿಸಿಟ್ಟರೆ ದಂಡ.

ಬಿದ್ದರೆ ಸೂಟ್ ಬಿಚ್ಚಬೇಡಿ, ಒಳಗಿನ ಗಾಳಿಯೂ ನಿಮ್ಮನ್ನು ಎತ್ತುತ್ತಿರುತ್ತದೆ. ಮೊದಲ ಒಂದು ನಿಮಿಷ ತಲೆ ಮೇಲಿಟ್ಟು ಉಸಿರು ನಿಧಾನಿಸಿಕೊಳ್ಳಿ. ಬಂದ ದಿಕ್ಕಿಗೇ ತಿರುಗಿ, ಆ ಐಸ್ ಈಗಾಗಲೇ ನಿಮ್ಮ ಭಾರ ಹೊತ್ತಿತ್ತು. ಮುಂದೋಳು ಐಸ್ ಮೇಲಿಟ್ಟು ಪಿಕ್ ಚುಚ್ಚಿ, ಕಾಲನ್ನು ಈಜುವಂತೆ ಬಡಿಯುತ್ತಾ ಮೈಯನ್ನು ಅಡ್ಡಕ್ಕೆ ತಂದು ಹೊಟ್ಟೆಯ ಮೇಲೆ ಜಾರಿ ಮೇಲೆ ಬನ್ನಿ. ತುದಿ ಮುರಿದರೆ ಮುಂದಕ್ಕೆ ಚುಚ್ಚಿ ಮತ್ತೆ ಪ್ರಯತ್ನಿಸಿ. ಮೇಲೆ ಬಂದ ಕೂಡಲೇ ಎದ್ದು ನಿಲ್ಲಬೇಡಿ, ಉರುಳಿಕೊಂಡು ದೂರ ಹೋಗಿ. ಒಳ್ಳೆಯ ಸೂಟಿನ ಪ್ಯಾಂಟಿನ ಕಾಲಿನಂಚಿಗೆ ನೀರು ಸುರಿದುಹೋಗಲು ಜಾಲರಿ ಬಿಟ್ಟಿರುತ್ತಾರೆ. ಅದಿಲ್ಲದಿದ್ದರೆ ಒಳಗೆ ತುಂಬಿದ ನೀರಿನ ಭಾರವನ್ನೂ ನೀವೇ ಎಳೆಯಬೇಕು. ಇನ್ನೊಂದು ಮಾತು: ಕೆರೆಯ ಮೇಲೆ ಕಾರಿನೊಳಗೆ ಕೂತಿರುವಾಗ ತೇಲುವ ಜಾಕೆಟ್ ತೆಗೆದಿಡಿ, ಸೀಟ್ ಬೆಲ್ಟ್ ಬಿಚ್ಚಿ, ಗಾಜು ಇಳಿಸಿ. ಕಾರು ಮುಳುಗಿದರೆ ಜಾಕೆಟ್ ನಿಮ್ಮನ್ನು ಕಾರಿನ ಚಾವಣಿಗೆ ಒತ್ತಿಹಿಡಿಯುತ್ತದೆ, ಕಿಟಕಿಯಿಂದ ಹೊರಬರಲು ಬಿಡುವುದಿಲ್ಲ.

ವಸಂತದ ದೋಣಿ ಸವಾರಿ ಇನ್ನೂ ಮೋಸದ್ದು. ಮೇ ತಿಂಗಳಲ್ಲಿ ಬಿಸಿಲು ಊರಿನ ಸಂಕ್ರಾಂತಿಯ ಬೆಳಗಿನಷ್ಟು ಹಿತವಾಗಿರುತ್ತದೆ, ನೀರು ಮಾತ್ರ 10 ಡಿಗ್ರಿಯ ಆಸುಪಾಸಿನಲ್ಲೇ ಇರಬಹುದು. ಪೂರ್ತಿ ಸೂಟ್ ಸೆಕೆಯಾಗಿ ಎಲ್ಲರೂ ಬಿಚ್ಚಿಡುತ್ತಾರೆ. ಆ ಹೊತ್ತಿಗೆ ಒಪ್ಪಿಗೆ ಪಡೆದ ಫ್ಲೋಟ್ ಕೋಟು ಒಂದೇ ಸಾಕು, ಒಳಗೆ ತೆಳು ಉಣ್ಣೆ. ನೀರಿಗೆ ಬಿದ್ದಾಗ ಕೋಟು ಮೇಲಕ್ಕೆ ಸರಿಯದಂತೆ ತೊಡೆಸಂದಿಯ ಪಟ್ಟಿ ಇದ್ದರೆ ಬಿಗಿಯಿರಿ. ನ್ಯೂಯಾರ್ಕಿನ ಕಡೆ ಇರುವವರು ಗಮನಿಸಿ: ಅಲ್ಲಿ ನವೆಂಬರ್ 1ರಿಂದ ಮೇ 1ರವರೆಗೆ 21 ಅಡಿಗಿಂತ ಚಿಕ್ಕ ದೋಣಿಯಲ್ಲಿ ಲೈಫ್ ಜಾಕೆಟ್ ಮೈಮೇಲೇ ಇರಬೇಕು, ಪಕ್ಕದಲ್ಲಿಟ್ಟುಕೊಂಡರೆ ಆಗದು. ಮಕ್ಕಳಿಗೆ ಯಾವ ಸೂಟ್ ಕೊಡಿಸಿದರೂ ಅದರ ಮೇಲೆ ಅವರ ತೂಕಕ್ಕೆ ಸರಿಯಾದ ಲೈಫ್ ಜಾಕೆಟ್ ತಪ್ಪಿಸಬೇಡಿ.

ಒಳ್ಳೆಯ ಜೋಡಿಗೆ ಸಾಮಾನ್ಯವಾಗಿ 300ರಿಂದ 700 ಡಾಲರ್ ಆಗುತ್ತದೆ. ಐಸ್ ಕರಗುವ ಮಾರ್ಚ್, ಏಪ್ರಿಲ್‌ನಲ್ಲಿ ಅಂಗಡಿಗಳು ಬೆಲೆ ಇಳಿಸುತ್ತವೆ, ಮೊದಲ ವರ್ಷ ಯಾರದಾದರೂ ಎರವಲು ಪಡೆದು ಮುಂದಿನ ವರ್ಷಕ್ಕೆ ಆಗ ಕೊಳ್ಳುವುದು ಜಾಣತನ. ಬಳಸಿದ್ದನ್ನು ಕೊಳ್ಳುವುದಾದರೆ ಒಳಪದರ ಹಿಂಡಿ ನೋಡಿ: ಫೋಮ್ ಮೆತ್ತಗೆ ಉಬ್ಬಿ ಹಿಂದಿರುಗಬೇಕು, ಗಟ್ಟಿಯಾಗಿದ್ದರೆ, ಪುಡಿಯಾಗುತ್ತಿದ್ದರೆ ಬಿಡಿ. ಮೊಣಕಾಲು, ತೋಳಂಚಿನಲ್ಲಿ ಹೊಳೆಯುವ ಗಟ್ಟಿ ಕಲೆ ಕಂಡರೆ ಅದು ಪ್ರೊಪೇನ್ ಹೀಟರ್‌ಗೆ ತಾಗಿ ನೈಲಾನ್ ಕರಗಿದ ಗುರುತು, ನೀರು ಅಲ್ಲೇ ಬರುತ್ತದೆ. ಕೊಂಡದ್ದು ಹೊಸದೇ ಇರಲಿ ಹಳೆಯದೇ ಇರಲಿ, ಜುಲೈನಲ್ಲಿ ಈಜುವ ದಡಕ್ಕೆ ಒಯ್ದು, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು, ಎದೆಮಟ್ಟದ ನೀರಿನಲ್ಲಿ ಕಾಲೆತ್ತಿ ತೇಲಿ ನೋಡಿ. ಗಲ್ಲ ನೀರಿನಿಂದ ಎಷ್ಟು ಮೇಲೆ ನಿಲ್ಲುತ್ತದೆ ಅನ್ನುವುದು ಅವತ್ತೇ ತಿಳಿಯಲಿ.

ಹೊಸ ಸೂಟಿನ ಮೇಲೆ ನೀರು ಕೆಸುವಿನ ಎಲೆಯ ಮೇಲಿನ ಹನಿಯಂತೆ ಉರುಳುತ್ತದೆ. ಹರಡಿ ಬಟ್ಟೆ ಕಪ್ಪಾಗತೊಡಗಿದರೆ ಹೊರಲೇಪನ ಸವೆದಿದೆ ಎಂದರ್ಥ. ಇಂಥ ಬಟ್ಟೆಗೆಂದೇ ಸಿಗುವ ಸೋಪಿನಿಂದ ಚೀಟಿಯಲ್ಲಿ ಹೇಳಿದಂತೆ ತೊಳೆದು, ನೀರು ತಡೆಯುವ ಸ್ಪ್ರೇ ಹೊಡೆಯಿರಿ. ಬಟ್ಟೆ ಮೃದು ಮಾಡುವ ದ್ರವ ಹಾಕಲೇಬೇಡಿ, ಅದು ಬಟ್ಟೆಯ ಉಸಿರಾಟವನ್ನೇ ಮುಚ್ಚುತ್ತದೆ. ಬೇಸಿಗೆಯಲ್ಲಿ ಮಡಿಚಿ ಪೆಟ್ಟಿಗೆಯಡಿ ಒತ್ತಿಟ್ಟರೆ ಫೋಮ್ ಚಪ್ಪಟೆಯಾಗಿ ತೇಲುವ ಶಕ್ತಿ ಕುಂದುತ್ತದೆ, ಅಗಲ ಹ್ಯಾಂಗರಿಗೆ ತೂಗುಹಾಕಿ. ಊರಿಗೆ ಎರಡು ತಿಂಗಳು ಹೋಗುವವರು ಜೇಬಿನಲ್ಲಿ ಉಳಿದ ಮೀನಿನ ಎರೆಯನ್ನು ತೆಗೆದು, ಎಲ್ಲ ಜಿಪ್ ತೆರೆದಿಟ್ಟು ಹೋಗಿ.