‘ಕನ್ನಡ ಬರ್ತಿಲ್ಲ’ ಅಂದರೆ ಕಾಣುತ್ತಿರುವುದು ಏನು?

ಶಿರಸಿ, ಸಿದ್ದಾಪುರ ಕಡೆಯ ಅಡಿಕೆ ವಖಾರಿ, ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವ ಕೆಲಸ ನನ್ನದು. ಫೋನ್ ಬಂದರೆ ಮೊದಲು ಕಿವಿಗೆ ಬೀಳುವುದು ರೋಗದ ಹೆಸರು: ‘ವೈರಸ್ ಹೊಕ್ಕಿದೆ’, ‘ಸರ್ವರ್ ಹೋಯ್ತು’. ಅದನ್ನು ಅಲ್ಲಗಳೆಯಲು ಹೋಗುವುದಿಲ್ಲ, ನಂಬುವುದೂ ಇಲ್ಲ. ‘ಪರದೆ ಮೇಲೆ ಈಗ ಏನಿದೆ, ಇದ್ದಹಾಗೇ ಓದಿ ಭಟ್ರೇ’ ಎನ್ನುತ್ತೇನೆ. ತೋಟದಲ್ಲಿ ಕಾಯಿ ಉದುರಿದರೆ ಇದೇ ಭಟ್ಟರು ನೋಡದೆ ಬೋರ್ಡೋ ದ್ರಾವಣ (ಕೊಳೆರೋಗದ ಔಷಧಿ) ಹೊಡೆಸುವವರಲ್ಲ. ಕಾಯಿ ಎತ್ತಿ, ತೊಟ್ಟಿನ ಹತ್ತಿರ ನೀರು ಕುಡಿದಂಥ ಕಲೆಯೋ, ತಿಗಣೆ ಚುಚ್ಚಿದ ಗುರುತೋ ಎಂದು ತಿರುಗಿಸಿ ನೋಡುತ್ತಾರೆ. ಕಂಪ್ಯೂಟರಿನಲ್ಲೂ ಅಷ್ಟೇ ಸಾಕು.

‘ಕನ್ನಡ ಬರ್ತಿಲ್ಲ’ ಎಂಬ ದೂರನ್ನೇ ತೆಗೆದುಕೊಳ್ಳಿ. ಇದರೊಳಗೆ ಮೂರು ಬೇರೆ ತೊಂದರೆಗಳಿವೆ. ಹೆಸರಿನ ಜಾಗದಲ್ಲಿ ಖಾಲಿ ಚೌಕಗಳಿದ್ದರೆ ಆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ, ಹಾಕಿದರೆ ಮುಗಿಯಿತು. ಮೇಲೆ ಕೆಳಗೆ ಗೀಟು ಚುಕ್ಕಿ ಇರುವ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ, ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ಕೊಟ್ಟದ್ದು) ಟೈಪ್ ಮಾಡಿದ ಹೆಸರುಗಳು ಅವು, ಯೂನಿಕೋಡಿಗೆ (ಎಲ್ಲ ಭಾಷೆಗೂ ಸಲ್ಲುವ ಅಕ್ಷರ ಸಂಕೇತ) ಪರಿವರ್ತಿಸಬೇಕು. ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಸಂಗತಿ ಕೆಟ್ಟದ್ದು. ಬಹುತೇಕ ಡೇಟಾಬೇಸಿನಲ್ಲಿ ಹೆಸರು ಉಳಿಸುವ ಕಾಲಂ ಯೂನಿಕೋಡ್ ಹಿಡಿಯುವುದಿಲ್ಲ, ಉಳಿಸುವಾಗಲೇ ಅಕ್ಷರ ಹೋಗಿದೆ. ಯಾವ ಫಾಂಟ್ ಹಾಕಿದರೂ ವಾಪಸ್ ಬಾರದು. ಕಾಲಂ ಬದಲಿಸಿ ಹೆಸರುಗಳನ್ನು ಮತ್ತೆ ಟೈಪ್ ಮಾಡಬೇಕು. ‘ಚೌಕವೋ, ಇಂಗ್ಲಿಷ್ಷೋ, ಪ್ರಶ್ನೆ ಚಿಹ್ನೆಯೋ?’ ಎಂದು ಕೇಳಿದರೆ ಅರ್ಧ ದಿನದ ಓಡಾಟ ಉಳಿಯುತ್ತದೆ.

ತಾರೀಕಿನ ದೋಷ ಇನ್ನೂ ಕಳ್ಳ. ‘ನಿನ್ನೆವರೆಗೆ ಸರಿ ಇತ್ತು, ಇವತ್ತು ಬಿಲ್ ತಗೊಳ್ತಿಲ್ಲ’ ಎಂದರೆ ಇವತ್ತು ತಾರೀಕೆಷ್ಟು ಎಂದು ನೋಡುತ್ತೇನೆ. 13 ಆಗಿದ್ದರೆ ಮೊದಲ ಅನುಮಾನ ವಿಂಡೋಸಿನ ರೀಜನ್ (ಯಾವ ದೇಶದ ಪದ್ಧತಿ ಎಂಬ ಸೆಟ್ಟಿಂಗ್) ಮೇಲೆ. ವಿಂಡೋಸ್ ಹೊಸದಾಗಿ ಹಾಕಿದವರು ಅದನ್ನು ಯುನೈಟೆಡ್ ಸ್ಟೇಟ್ಸ್ ಎಂದೇ ಬಿಟ್ಟಿರುತ್ತಾರೆ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. 13ನೇ ತಿಂಗಳು ಇಲ್ಲದ್ದರಿಂದ ಎಂಟ್ರಿ ತಿರಸ್ಕಾರವಾಗುತ್ತದೆ. ನಿಜವಾದ ಹಾನಿ ಇವತ್ತಿನದಲ್ಲ: 05/06 ಎಂದು ಹಾಕಿದ ಜೂನ್ 5ರ ಬಿಲ್ ಮೇ 6ಕ್ಕೆ ಹೋಗಿ ಕೂತಿರುತ್ತದೆ, ಯಾರಿಗೂ ಗೊತ್ತಿಲ್ಲದೆ. ರೀಜನ್ ಇಂಡಿಯಾಕ್ಕೆ ಬದಲಿಸಿ ‘ಸರಿ ಆಯ್ತು’ ಎಂದು ಫೋನ್ ಇಟ್ಟರೆ ಕೆಲಸ ಅರ್ಧ. ವಿಂಡೋಸ್ ಹಾಕಿದ ದಿನದಿಂದ 12ರವರೆಗಿನ ಬಿಲ್ಲುಗಳನ್ನು ಒಂದೊಂದಾಗಿ ನೋಡಿ ತಿದ್ದಬೇಕು.

‘ಏನು ಮಾಡಿದ್ರಿ?’ ಎಂದು ಮಾತ್ರ ಕೇಳುವುದಿಲ್ಲ. ಅದು ಕಿವಿಗೆ ಆರೋಪದ ಹಾಗೆ ಬೀಳುತ್ತದೆ, ‘ಎಂತದ್ದೂ ಮಾಡಿಲ್ಲ’ ಎಂಬ ಉತ್ತರ ಸಿದ್ಧ. ‘ಕೊನೆಗೆ ಸರಿಯಾಗಿ ಬಂದ ಬಿಲ್ ನಂಬರ್ ಎಷ್ಟು? ಅದರ ನಂತರ ಕರೆಂಟ್ ಹೋಗಿತ್ತಾ, ಪ್ರಿಂಟರ್ ಬದಲಾಯ್ತಾ?’ ಎಂದರೆ ಸಲೀಸಾಗಿ ಹೇಳುತ್ತಾರೆ. ಮಳೆಗಾಲದಲ್ಲಿ ಕರೆಂಟಿನ ಪ್ರಶ್ನೆ ಬಿಡಲೇಬಾರದು.

ಸಂದೇಶದ ಡಬ್ಬಿ ಬಂದಾಗ ಓಕೆ ಒತ್ತುವ ಮೊದಲು, ರೀಸ್ಟಾರ್ಟ್ ಮಾಡುವ ಮೊದಲು, ಇಡೀ ಪರದೆಯ ಫೋಟೋ ಬೇಕು. ಕೆಳಗಿನ ಗಡಿಯಾರವೂ ಕಾಣಬೇಕು, ಲಾಗ್ ಫೈಲಿನಲ್ಲಿ (ಸಾಫ್ಟ್‌ವೇರ್ ತಾನೇ ಬರೆದಿಡುವ ದಿನಚರಿ) ಆ ನಿಮಿಷ ಹುಡುಕಲು. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಸಣ್ಣ ಅಕ್ಷರ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳುತ್ತೇನೆ. ವಿಂಡೋಸಿನ ಸಾಮಾನ್ಯ ಸಂದೇಶ ಡಬ್ಬಿಯಾದರೆ ಅದರ ಮೇಲೆ ಕಂಟ್ರೋಲ್ ಸಿ ಒತ್ತಿದರೆ ಇಡೀ ಬರಹ ಕಾಪಿ ಆಗುತ್ತದೆ. ಎಷ್ಟೋ ಪ್ರೋಗ್ರಾಮರುಗಳಿಗೂ ಇದು ಗೊತ್ತಿಲ್ಲ.

ಕೌಂಟರಿನ ಗೋಡೆಗೆ ದೂರು ಹೇಳುವ ಒಂದು ಮಾದರಿ ಅಂಟಿಸಿ ಬರುತ್ತೇನೆ (ಚಾಲಿ, ರಾಶಿ ಅಂದರೆ ಅಡಿಕೆಯ ಎರಡು ಬಗೆ): ‘ಬೆಳಿಗ್ಗೆ 11:20. ಚಾಲಿ, 3 ಚೀಲ, ತೂಕ ಹಾಕಿ ಸೇವ್ ಒತ್ತಿದೆ. ಬಿಲ್ ಪ್ರಿಂಟ್ ಆಗಬೇಕಿತ್ತು, ಆಗಲಿಲ್ಲ, ತೂಕ ಸೊನ್ನೆ ಆಯ್ತು. ರಾಶಿ ಅಡಿಕೆಗೆ ಮಾಡಿ ನೋಡಿದೆ, ಸರಿ ಬಂತು. ಪಕ್ಕದ ಕಂಪ್ಯೂಟರಿನಲ್ಲೂ ಚಾಲಿಗೆ ಹೀಗೇ.’ ಇಷ್ಟು ಬಂದರೆ ಯಂತ್ರ ಮುಟ್ಟುವ ಅಗತ್ಯವೇ ಇಲ್ಲ. ನೇರವಾಗಿ ಚಾಲಿಯ ಐಟಂ ಮಾಸ್ಟರ್ (ಸಾಫ್ಟ್‌ವೇರಿನಲ್ಲಿ ಆ ಸರಕಿನ ವಿವರ ಇರುವ ಪುಟ) ತೆರೆಯುತ್ತೇನೆ.